ಒಂದು ಚೈನ್‌ಗೆ ಎಷ್ಟು ಆಂಗ್‌ಸ್ಟ್ರಾಂ? ಮಗಳ ಲೆಕ್ಕ ಅರ್ಧಕ್ಕೇ ನಿಂತಿದೆ

ಪ್ರಶ್ನೆ:
ನಮಸ್ಕಾರ ಸರ್. ನಮ್ಮದು ತುಮಕೂರು ಕಡೆ. ಮಗಳು ಫಸ್ಟ್ ಪಿಯುಸಿ ಸೈನ್ಸ್. ಅಳತೆಯ ಪಾಠಕ್ಕೆ ಲೆಕ್ಚರರ್ ಒಂದು ಲೆಕ್ಕ ಕೊಟ್ಟಿದ್ದಾರೆ: ‘ಭೂಮಾಪನದ ಒಂದು ಚೈನ್ ಎಂದರೆ ಎಷ್ಟು ಆಂಗ್‌ಸ್ಟ್ರಾಂ?’ ಆಂಗ್‌ಸ್ಟ್ರಾಂ ಅಂದರೆ ಪರಮಾಣು ಅಳೆಯುವಷ್ಟು ಚಿಕ್ಕ ಉದ್ದದ ಮಾನವಂತೆ. ಚೈನ್ ಎಷ್ಟುದ್ದ ಅಂತ ನನ್ನನ್ನು ಕೇಳಿದಳು. ಜಮೀನು ಅಳೆಸಿದ ಅನುಭವದ ಮೇಲೆ 33 ಅಡಿ ಅಂದೆ. ಅವಳಿಗೆ ಬಂದ ಉತ್ತರ 1.00584 × 10¹¹. ಉತ್ತರಪಟ್ಟಿಯಲ್ಲಿ 2.01168 × 10¹¹ ಇದೆ. ಸರಿಯಾಗಿ ಎರಡು ಪಟ್ಟು! ‘ಅಪ್ಪನ ಮಾತು ಕೇಳಿ ಕೆಟ್ಟೆ’ ಅಂತ ಮುಖ ಊದಿಸಿಕೊಂಡು ಕೂತಿದ್ದಾಳೆ. ಗುಂಪಿನಲ್ಲಿ ಸರ್ವೆಯರ್ ಇದ್ದೀರಲ್ಲ, ತಪ್ಪು ಯಾರದು ಹೇಳಿ.

ಉತ್ತರ (ಲೈಸೆನ್ಸ್ ಇರುವ ಸರ್ವೆಯರ್):
ಮಗಳಿಗೆ ಮೊದಲು ಸಮಾಧಾನ ಹೇಳಿ, ಅವಳ ಲೆಕ್ಕ ಸರಿ ಇದೆ. ನೀವು ಹೇಳಿದ್ದೂ ಸರಿ. ಉತ್ತರಪಟ್ಟಿಯೂ ಸರಿ. ಚೈನ್ ಬೇರೆ ಬೇರೆ, ಅಷ್ಟೇ.

ಉತ್ತರಪಟ್ಟಿಯವರು ಹಿಡಿದಿರುವುದು ಗಂಟರ್ ಚೈನ್. ಎಡ್ಮಂಡ್ ಗಂಟರ್ ಎಂಬ ಇಂಗ್ಲೆಂಡಿನ ಗಣಿತಜ್ಞ 1620ರಲ್ಲಿ ತಂದದ್ದು. ಉದ್ದ 66 ಅಡಿ, ಅದರಲ್ಲಿ 100 ಲಿಂಕು, ಅಂದರೆ ಕೊಂಡಿ. ಹತ್ತು ಚದರ ಚೈನ್ ಆದರೆ ಒಂದು ಎಕರೆ, ಅದೇ ಅದರ ಜಾಣತನ. ಹಳೇ ಮೈಸೂರು ಮತ್ತು ಮುಂಬಯಿ ಕರ್ನಾಟಕದ ಮೂಲ ಸರ್ವೆ ನಡೆದದ್ದು ಅದರ ಅರ್ಧದಲ್ಲಿ: 33 ಅಡಿ ಚೈನ್, ಅದಕ್ಕೆ 16 ಆಣೆ. 33 ಅಡಿಗೆ 33 ಅಡಿ ಅಂದರೆ 1089 ಚದರ ಅಡಿ, ಅದೇ ನಮ್ಮ ಗುಂಟೆ. ನಿಮ್ಮ ತಾತನ ಕಾಲದ ಟಿಪ್ಪಣಿಯಲ್ಲಿ (ಜಮೀನಿನ ಅಳತೆ ಬರೆದ ಸರ್ವೆ ದಾಖಲೆ) ‘ಚೈನ್-ಆಣೆ’ ಅಂತ ಇರುವುದೆಲ್ಲ ಈ ಚೈನೇ.

ಇನ್ನು ಪರಿವರ್ತನೆ. ನಾನು ಬಿಎಸ್ಸಿ ಫಿಸಿಕ್ಸ್ ಓದಿ ಸರ್ವೆಗೆ ಬಂದವನು, ಹಾಗಾಗಿ ನನ್ನದೇ ಒಂದು ಅಡ್ಡದಾರಿ ಇದೆ. ಒಂದು ಮೀಟರಿಗೆ 10¹⁰ ಆಂಗ್‌ಸ್ಟ್ರಾಂ, ಅಂದರೆ ಸಾವಿರ ಕೋಟಿ. ಆದ್ದರಿಂದ ಮೀಟರನ್ನು ಸಾವಿರದಿಂದ ಗುಣಿಸಿ ಪಕ್ಕದಲ್ಲಿ ‘ಕೋಟಿ’ ಅಂತ ಬರೆದರೆ ಮುಗಿಯಿತು. ಅಡಿ 0.3048 ಮೀಟರ್, ಅಂದರೆ 304.8 ಕೋಟಿ ಆಂಗ್‌ಸ್ಟ್ರಾಂ. ಇಂಚು 25.4 ಕೋಟಿ. ಗಂಟರ್ ಲಿಂಕು 201.168 ಕೋಟಿ. ನಮ್ಮ ಆಣೆ 62.865 ಸೆಂಟಿಮೀಟರ್, ಅಂದರೆ 628.65 ಕೋಟಿ. ಘಾತ ಎಣಿಸುವ ತಲೆನೋವೇ ಇಲ್ಲ.

ಪ್ರಶ್ನೆ ಕೇಳಿದವರು:
ಬದುಕಿದೆ ಸರ್! ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ ನಡುವೆ ಒಂದು ಇಂಗ್ಲಿಷ್ ‘ಇ’ ಬಂತು, ಎರರ್ ಅಂದುಕೊಂಡು ಮೂರು ಸಲ ಅಳಿಸಿದ್ದೆ.

ಉತ್ತರ:
ಅದು ಎರರ್ ಅಲ್ಲ ಸ್ವಾಮಿ. ‘ಇ’ ಮುಂದೆ 11 ಇದ್ದರೆ ಹತ್ತರ ಘಾತ 11 ಅಂತ. ತುಂಬಾ ಜನ ಅದನ್ನು ನೋಡದೆ ಮೊದಲಿಗೆ ಇರುವ 2.01168 ಮಾತ್ರ ಬರೆದುಕೊಂಡು ಬರುತ್ತಾರೆ.

ಪುತ್ತೂರಿನ ಸದಸ್ಯರು:
ನಮ್ಮಲ್ಲಿ ಗುಂಟೆ ಆಣೆ ಎಲ್ಲ ಇಲ್ಲ ಮಾರಾಯ್ರೆ, ಸೆಂಟ್ಸ್. ನಮ್ಮ ಮನೆಯ ಹಳೇ ನಕ್ಷೆಯಲ್ಲಿ ಲಿಂಕು ಅಂತ ಉಂಟು. ಅದು ಯಾವ ಚೈನು?

ಉತ್ತರ:
ನಿಮ್ಮದು 1956ರವರೆಗೆ ಮದ್ರಾಸಿಗೆ ಸೇರಿದ್ದ ಜಿಲ್ಲೆ. ಅಲ್ಲಿನ ಹಳೇ ಸರ್ವೆ ಗಂಟರ್ ಲಿಂಕಿನದು. ಸಾವಿರ ಚದರ ಲಿಂಕು ಒಂದು ಸೆಂಟ್ಸ್, 435.6 ಚದರ ಅಡಿ. ಆ ಲೆಕ್ಚರರ್ ಪುತ್ತೂರಿನಲ್ಲಿ ಪಾಠ ಮಾಡುತ್ತಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ! ಇವಲ್ಲದೆ 100 ಅಡಿಯ ಇಂಜಿನಿಯರ್ ಚೈನ್, 20 ಮತ್ತು 30 ಮೀಟರಿನ ಮೆಟ್ರಿಕ್ ಚೈನ್ ಕೂಡ ಇವೆ. ಬರೀ ‘ಚೈನ್’ ಅಂದರೆ ನಾನು ಕಲ್ಲು ಮುಟ್ಟುವುದಿಲ್ಲ, ಯಾವ ಚೈನ್ ಅಂತ ಮೊದಲು ಕೇಳುತ್ತೇನೆ.

ಬೆಂಗಳೂರಿನ ಚಿಪ್ ಇಂಜಿನಿಯರ್:
ಸರ್, ಜಮೀನಿನ ಕಡೆ ಮಾತ್ರ ಇಷ್ಟು ಗೊಂದಲ. ನಮ್ಮ ಕಡೆ ಆಂಗ್‌ಸ್ಟ್ರಾಂ ಅಂದರೆ ಆಂಗ್‌ಸ್ಟ್ರಾಂ. ಸಿಲಿಕಾನ್ ಹರಳಿನ ಒಂದು ಕೋಶ, ಅಂದರೆ ಮತ್ತೆ ಮತ್ತೆ ಬರುವ ಪರಮಾಣು ಜೋಡಣೆಯ ಒಂದು ತುಂಡು, ಬದಿಗೆ 5.431, ಪ್ರಪಂಚದ ಯಾವ ಮೂಲೆಗೆ ಹೋದರೂ ಅದೇ.

ಉತ್ತರ:
ಇವತ್ತಿಗೆ ಹೌದು. ಒಂದು ಲಿಂಕಿನ ಉದ್ದಕ್ಕೆ ನಿಮ್ಮ ಕೋಶ ಸುಮಾರು 37 ಕೋಟಿ ಹಿಡಿಯುತ್ತವೆ. ಆದರೆ ನಿಮ್ಮವರೂ ಬಹಳ ವರ್ಷ ‘ಯಾವ ಚೈನ್’ ಅಂತ ಒದ್ದಾಡಿದವರೇ, ಕೇಳಿ.

ಸ್ವೀಡನ್ನಿನ ಆಂಡರ್ಸ್ ಆಂಗ್‌ಸ್ಟ್ರಾಂ 1868ರಲ್ಲಿ ಸೂರ್ಯನ ಬೆಳಕಿನ ಗೆರೆಗಳ ತರಂಗಾಂತರ ಅಳೆದು ಪಟ್ಟಿ ಮಾಡಿದಾಗ ಬಳಸಿದ್ದು ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ. ಆಮೇಲೆ 1907ರಲ್ಲಿ ಕ್ಯಾಡ್ಮಿಯಂನ ಕೆಂಪು ಗೆರೆ 6438.4696 ಆಂಗ್‌ಸ್ಟ್ರಾಂ ಎಂದು ಗೂಟ ಹೊಡೆದು, ಅದರಿಂದ ಆಂಗ್‌ಸ್ಟ್ರಾಂ ಅಳೆದರು. ಅಂದರೆ ಅದು ಮೀಟರಿನ ಕೈ ಬಿಟ್ಟು ಸ್ವಂತ ಕಲ್ಲು ನೆಟ್ಟುಕೊಂಡಿತು. 1960ರಲ್ಲಿ ಮೀಟರನ್ನೇ ಬೆಳಕಿನ ಅಲೆಗೆ ಕಟ್ಟಿದ ಮೇಲೆ ಎರಡೂ ಮತ್ತೆ ಒಂದಾದವು.

ಎಕ್ಸ್‌ರೇ ಕಡೆಯ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಸೀಗ್‌ಬಾನ್ ಎಂಬ ಇನ್ನೊಬ್ಬ ಸ್ವೀಡನ್ ವಿಜ್ಞಾನಿ ಕ್ಯಾಲ್ಸೈಟ್ ಹರಳಿನ ಪದರಗಳ ಅಂತರವನ್ನೇ ಆಧಾರವಾಗಿಟ್ಟು ‘ಎಕ್ಸ್ ಯೂನಿಟ್’ ಮಾಡಿದ. ಸಾವಿರ ಎಕ್ಸ್ ಯೂನಿಟ್ ಸೇರಿದರೆ ಒಂದು ಆಂಗ್‌ಸ್ಟ್ರಾಂ ಅಂತ ಎಲ್ಲರೂ ನಂಬಿದ್ದರು. ಗೆರೆ ಕೊರೆದ ಗ್ರೇಟಿಂಗ್‌ನಲ್ಲಿ ಎಕ್ಸ್‌ರೇ ಅಳೆದು ನೋಡಿದಾಗ ಆ ಸಾವಿರ ಯೂನಿಟ್ 1.002 ಆಂಗ್‌ಸ್ಟ್ರಾಂ! ನೂರಕ್ಕೆ 0.2 ಹೆಚ್ಚು. ಹುಡುಕುತ್ತಾ ಹೋದರೆ ತಪ್ಪು ಸಿಕ್ಕಿದ್ದು ಎಲ್ಲಿ? ಗಾಳಿಯ ಸ್ನಿಗ್ಧತೆಯಲ್ಲಿ (ವಿಸ್ಕಾಸಿಟಿ). ಎಲೆಕ್ಟ್ರಾನಿನ ಆವೇಶ ಅಳೆಯಲು ಮಿಲಿಕನ್ ಎಂಬ ವಿಜ್ಞಾನಿ ಮಾಡಿದ ಎಣ್ಣೆಹನಿ ಪ್ರಯೋಗಕ್ಕೆ ಬಳಸಿದ ಸ್ನಿಗ್ಧತೆಯ ಬೆಲೆ ಸ್ವಲ್ಪ ಕಮ್ಮಿ ಇತ್ತು. ಅದರಿಂದ ಎಲೆಕ್ಟ್ರಾನಿನ ಆವೇಶ ಕಮ್ಮಿ ಬಂತು, ಅದರಿಂದ ಅವೊಗಾಡ್ರೊ ಸಂಖ್ಯೆ (ಒಂದು ಮೋಲ್ ವಸ್ತುವಿನ ಕಣಗಳ ಎಣಿಕೆ) ಹೆಚ್ಚು ಬಂತು, ಅದರಿಂದ ಹರಳಿನ ಅಂತರ ಕಮ್ಮಿ ಬಂತು. ಆವೇಶದಲ್ಲಿದ್ದ ತಪ್ಪು ನೂರಕ್ಕೆ ಸುಮಾರು 0.6. ಅಂತರ ಬರುವುದು ಘನಮೂಲದಿಂದ, ಹಾಗಾಗಿ ಮೂರನೇ ಒಂದು ಭಾಗ, 0.2. ನಾವು ಸರ್ವೆಯರ್‌ಗಳು ಇದನ್ನು ‘ಮೂಲ ಕಲ್ಲೇ ಸರಿದಿದೆ’ ಅನ್ನುತ್ತೇವೆ. 0.2 ಅಂದರೆ ಗಂಟರ್ ಚೈನ್ ಒಂದಕ್ಕೆ 4 ಸೆಂಟಿಮೀಟರ್. ಹೊಲದಲ್ಲಿ ಅಷ್ಟಕ್ಕೇ ಬದುವಿನ ಮೇಲೆ ನಿಂತು ಕುಡುಗೋಲು ತೋರಿಸಿದವರನ್ನು ನೋಡಿದ್ದೇನೆ.

ಟೆಕ್ಸಾಸ್‌ನಲ್ಲಿರುವ ಕನ್ನಡಿಗರು:
ಇಲ್ಲಿ ಇನ್ನೊಂದು ರಗಳೆ ಇದೆ ಸರ್, ಅಡಿಯೇ ಎರಡು ಥರ. ಸರ್ವೆ ಅಡಿ, ಇಂಟರ್‌ನ್ಯಾಷನಲ್ ಅಡಿ.

ಉತ್ತರ:
ಹೌದು. ಅಮೆರಿಕದ ಸರ್ವೆ ಅಡಿ ಅಂದರೆ 1200 ಭಾಗಿಸು 3937 ಮೀಟರ್. 1959ರ ಅಡಿ ಸರಿಯಾಗಿ 0.3048. ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು ಭಾಗ. ಸರ್ವೆ ಅಡಿಯನ್ನು 2022ರ ಕೊನೆಗೆ ಅಧಿಕೃತವಾಗಿ ಕೈಬಿಟ್ಟರು, ಹಳೇ ದಾಖಲೆಗಳಲ್ಲಿ ಹಾಗೇ ಉಳಿದಿದೆ. ಒಂದು ಗಂಟರ್ ಚೈನ್‌ಗೆ ಆ ವ್ಯತ್ಯಾಸ 0.04 ಮಿಲಿಮೀಟರ್. ಕಣ್ಣಿಗೆ ಏನೂ ಅಲ್ಲ, ಆಂಗ್‌ಸ್ಟ್ರಾಂನಲ್ಲಿ ನಾಲ್ಕು ಲಕ್ಷ. ಅದಕ್ಕೇ ಮಗಳಿಗೆ ಹೇಳಿ, ಉತ್ತರವನ್ನು ಹನ್ನೆರಡು ಅಂಕಿವರೆಗೆ ಎಳೆಯಬೇಡ ಅಂತ. ಅಷ್ಟು ನಿಖರವಾದ ಚೈನ್ ಭೂಮಿ ಮೇಲೆ ಹುಟ್ಟೇ ಇಲ್ಲ.

ನಾನು ಕೆಲಸ ಕಲಿಯುವಾಗ ನಮ್ಮ ಹಿರಿಯರ ಹತ್ತಿರ ನೂರು ಲಿಂಕಿನ ಹಳೇ ಸರಪಳಿ ಇತ್ತು. ಹತ್ತು ಲಿಂಕಿಗೊಂದು ಹಿತ್ತಾಳೆ ಬಿಲ್ಲೆ: ಹತ್ತಕ್ಕೆ ಒಂದು ಹಲ್ಲು, ಇಪ್ಪತ್ತಕ್ಕೆ ಎರಡು, ನಡುವಿನ ಐವತ್ತಕ್ಕೆ ದುಂಡು. ಎರಡೂ ತುದಿಯಿಂದ ಅಳೆಯಲು ಬರಲಿ ಅಂತ ನಲವತ್ತಕ್ಕೂ ಅರವತ್ತಕ್ಕೂ ಒಂದೇ ಥರ ನಾಲ್ಕು ಹಲ್ಲು. ಮೊದಲ ವಾರವೇ 60 ಇದ್ದದ್ದನ್ನು 40 ಅಂತ ಕೂಗಿದೆ. ಬರೆದುಕೊಂಡಾಗಿತ್ತು. ಇಪ್ಪತ್ತು ಲಿಂಕು, ಅಂದರೆ ನಾಲ್ಕು ಮೀಟರ್, ಮಾಯ! ಮಧ್ಯಾಹ್ನದ ಬಿಸಿಲಲ್ಲಿ ಇಡೀ ಸಾಲು ಮತ್ತೆ ಹಿಡಿಸಿದರು. ಬಿಸಿಲು ಅಂದೆನಲ್ಲ, ಉಕ್ಕು 20 ಡಿಗ್ರಿ ಕಾದರೆ 33 ಅಡಿ ಚೈನ್ ಸುಮಾರು 2.4 ಮಿಲಿಮೀಟರ್ ಹಿಗ್ಗುತ್ತದೆ. ಅದೇ 2.4 ಕೋಟಿ ಆಂಗ್‌ಸ್ಟ್ರಾಂ. ಲಿಂಕು ಜೋಡಿಸುವ ಬಳೆಗಳು ಸವೆದು ಚೈನ್ ಉದ್ದವಾಗುವುದು ಬೇರೆ.

ಹಾಸನದ ಸದಸ್ಯರು:
ಹಾಗಾದರೆ ಒಂದು ಗುಂಟೆಗೆ ಎಷ್ಟು ಚದರ ಆಂಗ್‌ಸ್ಟ್ರಾಂ? 101.17 ಚದರ ಮೀಟರ್ ಇಂಟು ಸಾವಿರ ಕೋಟಿ ತಾನೇ ಸರ್?

ಉತ್ತರ:
ಅಲ್ಲ! ಎಲ್ಲರೂ ಬೀಳುವ ಗುಂಡಿ ಇದೇ. ಉದ್ದಕ್ಕೆ 10¹⁰ ಆದರೆ ಚದರಕ್ಕೆ 10²⁰. ಗುಂಟೆಗೆ 1.0117 × 10²² ಚದರ ಆಂಗ್‌ಸ್ಟ್ರಾಂ. ಇಲ್ಲಿ ಕೋಟಿಯ ಅಡ್ಡದಾರಿ ಬಿಟ್ಟು ಘಾತದಲ್ಲೇ ಬರೆಯಿರಿ. ಅಂದಹಾಗೆ, ಪರಮಾಣು ಬೀಜ ಅಳೆಯುವವರ ಕ್ಷೇತ್ರಫಲದ ಮಾನಕ್ಕೆ ‘ಬಾರ್ನ್’ ಅಂತ ಹೆಸರು, ಅಂದರೆ ರೈತರ ಕೊಟ್ಟಿಗೆ. 1942ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಇಬ್ಬರು ಭೌತವಿಜ್ಞಾನಿಗಳು ತಮಾಷೆಗೆ ಇಟ್ಟದ್ದು. ನ್ಯೂಟ್ರಾನಿಗೆ ಯುರೇನಿಯಂ ಬೀಜ ಕೊಟ್ಟಿಗೆಯಷ್ಟು ದೊಡ್ಡ ಗುರಿ ಅಂತೆ. ಒಂದು ಬಾರ್ನ್ 10⁻²⁸ ಚದರ ಮೀಟರ್. ಒಂದು ಗುಂಟೆಯಲ್ಲಿ ಅಂಥ ಕೊಟ್ಟಿಗೆ 10³⁰ ಕಟ್ಟಬಹುದು, ಪಂಚಾಯ್ತಿ ಲೈಸೆನ್ಸ್ ಸಿಕ್ಕರೆ.

ಪ್ರಶ್ನೆ ಕೇಳಿದವರು:
ಮಗಳು ನಗುತ್ತಿದ್ದಾಳೆ ಸರ್. ಎರಡೂ ಉತ್ತರ ಬರೆದು, ಪಕ್ಕದಲ್ಲಿ ಯಾವ ಚೈನ್ ಅಂತ ಹಾಕಿ ಕೊಡುತ್ತಾಳಂತೆ. ಕೊನೆಗೆ ನನ್ನದೊಂದು ಸ್ವಂತ ಪ್ರಶ್ನೆ. ನಮ್ಮ ಟಿಪ್ಪಣಿಯಲ್ಲಿ ಆಯಾಕಾರದ ಒಂದು ತುಂಡಿಗೆ ‘3 ಚೈನ್ 4 ಆಣೆ, 2 ಚೈನ್ 8 ಆಣೆ’ ಅಂತ ಇದೆ. ಇದು ಎಷ್ಟಾಗುತ್ತದೆ?

ಉತ್ತರ:
4 ಆಣೆ ಅಂದರೆ ಕಾಲು, 8 ಆಣೆ ಅಂದರೆ ಅರ್ಧ. 3.25 ಚೈನ್ ಸುಮಾರು 32.69 ಮೀಟರ್, 2.5 ಚೈನ್ 25.15 ಮೀಟರ್. ವಿಸ್ತೀರ್ಣಕ್ಕೆ ಮೀಟರಿನ ಹಂಗೂ ಬೇಡ. ಚೈನ್ ಇಂಟು ಚೈನ್ ನೇರ ಗುಂಟೆ: 3.25 ಇಂಟು 2.5, ಅಂದರೆ 8.125. ಎಂಟು ಗುಂಟೆ ಎರಡು ಆಣೆ (ಇಲ್ಲಿ ಆಣೆ ಅಂದರೆ ಗುಂಟೆಯ ಹದಿನಾರನೇ ಒಂದು ಭಾಗ). ಪಹಣಿ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ಪಟ್ಟಿ) ಎರಡರಲ್ಲೂ ಇಷ್ಟೇ ಇದೆಯಾ ನೋಡಿ. ಕಮ್ಮಿ ಇದ್ದರೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಕಳೆದಿದ್ದಾರಾ ಅಂತ ಅಲ್ಲೇ ಪಕ್ಕದ ಕಾಲಂ ನೋಡಿ, ಆಮೇಲೆ ನನಗೆ ಫೋನ್ ಮಾಡಿ.