ಬಾಂಡ್ ಥೀಮ್ ವಾದ್ಯಗೋಷ್ಠಿಯಲ್ಲಿ ಕೂರುತ್ತಿಲ್ಲ: ಶ್ರುತಿ, ಗಿಟಾರ್, ಟ್ರಂಪೆಟ್

ಅಮಾನಿಕೆರೆ_ಕೀಬೋರ್ಡ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಗಾಜಿನ ಮನೆಯಲ್ಲಿ ರಾಜ್ಯೋತ್ಸವದ ಕಾರ್ಯಕ್ರಮವಿದೆ. ಅರ್ಧ ಗಂಟೆ ಅಣ್ಣಾವ್ರ ಸಿಐಡಿ 999 ಚಿತ್ರಗಳ ಹಾಡುಗಳಿಗೇ ಮೀಸಲು. ಮೊದಲು ಜೇಮ್ಸ್ ಬಾಂಡ್ ಥೀಮ್ ನುಡಿಸಿ, ಅದು ಮುಗಿದ ಕೂಡಲೇ ‘ಇಫ್ ಯು ಕಮ್ ಟುಡೇ’ ಎತ್ತಿಕೊಳ್ಳಬೇಕು. ಕೀಬೋರ್ಡ್, ಎಲೆಕ್ಟ್ರಿಕ್ ಗಿಟಾರ್, ಬೇಸ್, ಆಕ್ಟೋಪ್ಯಾಡ್ (ಎಲೆಕ್ಟ್ರಾನಿಕ್ ತಾಳವಾದ್ಯ), ಆಲ್ಟೊ ಸ್ಯಾಕ್ಸೊಫೋನ್, ಜೊತೆಗೆ ಬ್ಯಾಂಡ್‌ಸೆಟ್‌ನಿಂದ ಇಬ್ಬರು ಟ್ರಂಪೆಟ್‌ನವರು. ತೊಂದರೆ ಮೂರು. ಮೂಲದ ಇ ಮೈನರ್‌ನಲ್ಲಿ ಟ್ರಂಪೆಟ್‌ನವರು ಪದೇ ಪದೇ ಎಡವುತ್ತಾರೆ. ಗಿಟಾರ್ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ನಡುವಿನ ಭಾಗ ಪೆರೇಡ್ ಮೈದಾನದ ಮಾರ್ಚ್ ಥರ ಆಗಿಬಿಡುತ್ತದೆ. ಏನು ಬದಲಾಯಿಸಬೇಕು?

ಆರನೇ_ತಂತಿ (ಕೋಲಾರ)

ಸರ್, ಗಿಟಾರ್‌ನವರು ಐದನೇ ತಂತಿಯ 7ನೇ ಫ್ರೆಟ್‌ನಿಂದ (ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡಪಟ್ಟಿ) ಶುರು ಮಾಡುತ್ತಿದ್ದಾರಾ ನೋಡಿ. ಹಾಗಿದ್ದರೆ ಒಂದು ಸ್ಥಾಯಿ ಮೇಲಾಯಿತು, ತೆಳ್ಳಗೆ ಕೇಳುವುದಕ್ಕೆ ಅದೇ ಕಾರಣ. ಈ ನುಡಿ ಆರನೇ ತಂತಿಯದು, ಷಡ್ಜಕ್ಕೆ ಬೆರಳೊತ್ತದೆ ಬಿಟ್ಟ ತಂತಿಯೇ ಮೊಳಗಬೇಕು. ಫ್ರೆಟ್ 0, 2, 3 ಅಷ್ಟೇ.

ಸ ರಿರಿರಿ ರಿ ಸಸಸ | ಸ ಗಗಗ ಗ ರಿರಿರಿ

ರಿ ಚತುಶ್ರುತಿ, ಗ ಸಾಧಾರಣ. ಲೆಕ್ಕ ಹೀಗೆ: ಮೊದಲ ಸ ಅರ್ಧ ಮಾತ್ರೆ, ಮುಂದಿನ ಎರಡು ರಿ ಕಾಲು ಕಾಲು, ಮೂರನೆಯದು ಅರ್ಧ, ನಾಲ್ಕನೆಯ ರಿ ಪೂರ್ತಿ ಒಂದು, ಕೊನೆಯ ಮೂರು ಸ ಅರ್ಧರ್ಧ. ಒಟ್ಟು ನಾಲ್ಕು. ಆ ಒಂದು ಮಾತ್ರೆಯ ರಿಯನ್ನು ಅವಸರಕ್ಕೆ ಮೊಟಕು ಮಾಡಿದರೆ ಇಡೀ ಸಾಲು ಓಡುತ್ತದೆ. ಹೆಚ್ಚಿನವರು ಎಡವುವುದು ಅಲ್ಲೇ.

1962ರಲ್ಲಿ ‘ಡಾ. ನೋ’ ಚಿತ್ರಕ್ಕೆ ಇದನ್ನು ನುಡಿಸಿದವರು ವಿಕ್ ಫ್ಲಿಕ್. ಕ್ಲಿಫರ್ಡ್ ಎಸೆಕ್ಸ್ ಪ್ಯಾರಗಾನ್ ಗಿಟಾರ್, ಅದಕ್ಕೊಂದು ಡಿಆರ್ಮಂಡ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಸಾಧನ), ಒಂದು ಆಂಪ್ಲಿಫೈಯರ್. ಪಿಕಪ್ ತಂತಿಗೆ ಹತ್ತಿರ ಬರಲಿ ಅಂತ ಅದರ ಕೆಳಗೆ ಸಿಗರೇಟ್ ಪ್ಯಾಕೊಂದನ್ನು ಮುದುರಿ ತುರುಕಿದ್ದರು. ಗಟ್ಟಿ ಪ್ಲೆಕ್ಟ್ರಮ್ ಹಿಡಿದು, ಬ್ರಿಜ್ ಕಡೆಯ ಧ್ವನಿಯಲ್ಲಿ, ತಾಳಕ್ಕಿಂತ ಕೂದಲೆಳೆ ಮುಂದೆ ಹೊಡೆದರು. ಮುನ್ನುಗ್ಗುವ ಆ ಗುಣ ಬಂದದ್ದು ಅದರಿಂದಲೇ. ಗಿಟಾರಿನ ಸದ್ದು ಉಳಿದ ವಾದ್ಯಗಳ ಮೈಕಿಗೂ ಸೋರಿದ್ದರಿಂದ ಸಹಜವಾಗಿ ಒಂದು ಗುಂಗು ಸೇರಿಕೊಂಡಿತು. ಅದನ್ನು ರಿವರ್ಬ್ ಪೆಡಲ್‌ನಲ್ಲಿ ತರಲು ಹೋಗಬೇಡಿ. ಗಾಜಿನ ಮನೆಯಲ್ಲಿ ಸದ್ದು ತಾನಾಗಿಯೇ ನಾಲ್ಕು ಕಡೆಯಿಂದ ವಾಪಸ್ ಬರುತ್ತದೆ, ಮಂದ್ರದ ಸ್ವರಗಳು ಕಲಸಿ ಮುದ್ದೆಯಾಗುತ್ತವೆ. ರಿವರ್ಬ್ ಸೊನ್ನೆ, ಡಿಸ್ಟಾರ್ಷನ್ ಸೊನ್ನೆ, ಬ್ರಿಜ್ ಪಿಕಪ್, ಟೋನ್ ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಪಿತ್ತಳೆ_ವಾದ್ಯ (ಚಿಕ್ಕಬಳ್ಳಾಪುರ)

ಟ್ರಂಪೆಟ್‌ನವರ ತಪ್ಪಲ್ಲ ಅದು. ಬ್ಯಾಂಡ್‌ಸೆಟ್‌ನ ಟ್ರಂಪೆಟ್ ಬಿ ಫ್ಲಾಟ್ ವಾದ್ಯ, ಅಂದರೆ ಅದರ ಸಿ ನಮಗೆ ಬಿ ಫ್ಲಾಟ್ ಆಗಿ ಕೇಳುತ್ತದೆ. ನಿಮ್ಮ ಇ ಮೈನರ್ ಅವರ ಕೈಯಲ್ಲಿ ಎಫ್ ಶಾರ್ಪ್ ಮೈನರ್, ಮೂರು ಶಾರ್ಪ್. ಆಲ್ಟೊ ಸ್ಯಾಕ್ಸ್‌ಗೆ ಸಿ ಶಾರ್ಪ್ ಮೈನರ್, ನಾಲ್ಕು ಶಾರ್ಪ್. ಎಲ್ಲರೂ ಡಿ ಮೈನರ್‌ಗೆ ಇಳಿಯಿರಿ. ಟ್ರಂಪೆಟ್‌ಗೆ ಇ ಮೈನರ್, ಸ್ಯಾಕ್ಸ್‌ಗೆ ಬಿ ಮೈನರ್ ಬರುತ್ತದೆ, ಬೆರಳು ಸಲೀಸಾಗಿ ಓಡುತ್ತದೆ.

ವ್ಹಾ ವ್ಹಾ ಅನ್ನುವ ಬಾಂಡ್ ಧ್ವನಿಗೆ ದುಬಾರಿ ಮ್ಯೂಟ್ (ಟ್ರಂಪೆಟ್ ಬಾಯಿ ಮುಚ್ಚುವ ಸಾಧನ) ಬೇಡ. ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲು ಸಿಗುತ್ತದಲ್ಲ, ಕೋಲು ಕಳಚಿ ಹೊಸದನ್ನೇ ಬಳಸಿ. ಟ್ರಂಪೆಟ್ ಬಾಯಿ ಐದು ಇಂಚಿನ ಹತ್ತಿರ ಇರುತ್ತದೆ, ಬಟ್ಟಲೂ ಅದೇ ಅಳತೆಯದಿರಲಿ. ಪೂರ್ತಿ ಮುಚ್ಚಬೇಡಿ, ಒಂದು ಪಕ್ಕ ಬೆರಳಗಲ ಸಂದು ಬಿಟ್ಟು ತೆರೆದು ಮುಚ್ಚಿ. ಮುಚ್ಚಿದಾಗ ಶ್ರುತಿ ತುಸು ಏರುತ್ತದೆ, ಅದನ್ನು ತುಟಿಯಲ್ಲೇ ಸರಿಪಡಿಸಬೇಕು.

ಅಮಾನಿಕೆರೆ_ಕೀಬೋರ್ಡ್

ಡಿ ಮೈನರ್ ಆದರೆ ಗಿಟಾರ್‌ಗೆ ಬಿಟ್ಟ ತಂತಿ ತಪ್ಪಿಹೋಗುವುದಿಲ್ಲವೇ? ಕೀಬೋರ್ಡ್‌ನಲ್ಲಿ ಹಿನ್ನೆಲೆಗೆ ಸದ್ಯ ಮೈನರ್ ಕಾರ್ಡ್ ಮಾತ್ರ ಹಿಡಿಯುತ್ತಿದ್ದೇನೆ, ಸಪ್ಪೆ ಎನಿಸುತ್ತಿದೆ.

ಆರನೇ_ತಂತಿ

ತಪ್ಪುವುದಿಲ್ಲ. ಆರನೇ ತಂತಿಯೊಂದನ್ನೇ ಇ ಇಂದ ಡಿಗೆ ಇಳಿಸಿ, ಫ್ರೆಟ್ ಅವೇ 0, 2, 3. ಆದರೆ 9–42ರ (ಇಂಚಿನ ಸಾವಿರದ ಭಾಗಗಳಲ್ಲಿ ತಂತಿಗಳ ದಪ್ಪ) ತೆಳು ಸೆಟ್ ಇದ್ದರೆ ತಂತಿ ಜೋತು ಫ್ರೆಟ್‌ಗೆ ಬಡಿದು ಝರ್ ಅನ್ನುತ್ತದೆ. 10–52ರ ಸೆಟ್ ಹಾಕಿಸಿ, ಹೊಸ ತಂತಿ ಎಳೆದು ಹದವಾಗಲು ಎರಡು ದಿನ ಬಿಡಿ. ಬೇಸ್‌ನವರೂ ನಾಲ್ಕನೇ ತಂತಿ ಇಳಿಸಿಕೊಳ್ಳಲಿ.

ಹಿನ್ನೆಲೆಯ ಜೀವ ಇರುವುದು ಒಂದೇ ಒಂದು ಸ್ವರದ ಓಡಾಟದಲ್ಲಿ. ಡಿ, ಎಫ್ ಒತ್ತಿ ಹಿಡಿದುಕೊಳ್ಳಿ, ಮೂರನೇ ಸ್ವರ ಮಾತ್ರ ಎ – ಬಿ ಫ್ಲಾಟ್ – ಬಿ – ಬಿ ಫ್ಲಾಟ್ ಎಂದು ಹತ್ತಿ ಇಳಿಯಲಿ. ನಮ್ಮ ಲೆಕ್ಕದಲ್ಲಿ ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಮತ್ತೆ ಶುದ್ಧ. ಗಿಟಾರಿನ ಸಾಲು ಮುಗಿದ ಮೇಲೆ ಬರುವ ಎತ್ತರದ ತುಣುಕಿನಲ್ಲಿ ಕಾಕಲಿ ನಿಷಾದದಿಂದ ಕೈಶಿಕಿಗೆ ಜಾರಿ ಪ ಮ ಪ. ಎರಡು ಧೈವತ, ಎರಡು ನಿಷಾದ ಹೀಗೆ ಒತ್ತೊತ್ತಾಗಿ ಬರುವುದರಿಂದ ಯಾವುದೇ ರಾಗದ ಹೆಸರು ಹಚ್ಚಲು ಹೋಗಬೇಡಿ, ಗಮಕವಂತೂ ಬೇಡವೇ ಬೇಡ. ಅಂದಹಾಗೆ ಥೀಮ್ ರಚಿಸಿದ ಮಾಂಟಿ ನಾರ್ಮನ್ ಈ ಧಾಟಿಯನ್ನು ಮೊದಲು ಹಾಕಿದ್ದು ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯ ರಂಗರೂಪಕ್ಕೆ, ಟ್ರಿನಿಡಾಡ್‌ನ ಭಾರತೀಯರ ಕಥೆಗೆ. ಅದನ್ನು ಗಿಟಾರ್ ಮತ್ತು ಹಿತ್ತಾಳೆ ವಾದ್ಯಗಳಿಗೆ ಹೊಂದಿಸಿ ಈಗಿನ ರೂಪ ಕೊಟ್ಟವರು ಜಾನ್ ಬ್ಯಾರಿ.

ಲಯ_ತಿಶ್ರ (ತಿಪಟೂರು)

ಮಾರ್ಚ್ ಥರ ಕೇಳುವುದಕ್ಕೆ ಕಾರಣ ನಡೆ. ಗಿಟಾರ್ ಭಾಗ ಚತುರಶ್ರ, ಮಾತ್ರೆಗೆ ನಾಲ್ಕು ಭಾಗ. ಟ್ರಂಪೆಟ್ ಅಬ್ಬರಿಸುವ ನಡುವಿನ ಭಾಗ ಜಾಜ್‌ನ ಸ್ವಿಂಗ್, ಅಂದರೆ ಮಾತ್ರೆಯ ಒಳಗೆ ತಿಶ್ರ, ಮೂರು ಭಾಗ. ಬಾಯಲ್ಲಿ ‘ತಕಿಟ’ ಹೇಳಿಕೊಂಡು ‘ತ’ ಮತ್ತು ‘ಟ’ ಮಾತ್ರ ನುಡಿಸಿ, ‘ಕಿ’ ಮೌನ. ಆಕ್ಟೋಪ್ಯಾಡ್‌ನವರು ಅಲ್ಲಿ ಡೋಲಕ್, ತಬಲಾ ಸ್ಯಾಂಪಲ್‌ಗಳನ್ನು ಪೂರ್ತಿ ನಿಲ್ಲಿಸಿ ರೈಡ್ ಸಿಂಬಲ್ ಮತ್ತು ಹೈ-ಹ್ಯಾಟ್‌ನಲ್ಲೇ ಇರಲಿ, ಹೈ-ಹ್ಯಾಟ್ 2, 4ಕ್ಕೆ ಬೀಳಲಿ. ಕಾಲ ನಿಮಿಷಕ್ಕೆ 135ರ ಆಸುಪಾಸು ಸಾಕು. ನಡೆ ಬದಲಾದಾಗ ಕಾಲ ಏರಬಾರದು, ಮೆಟ್ರೊನೋಮ್ ಹಾಕಿ ಆ ಸೇರುವ ಜಾಗವೊಂದನ್ನೇ ಇಪ್ಪತ್ತು ಸಲ ಮಾಡಿಸಿ.

ಪಿತ್ತಳೆ_ವಾದ್ಯ

ಹಾಡಿಗೆ ದಾಟುವ ಬಗ್ಗೆ: ಥೀಮ್‌ನ ಕೊನೆಯ ಕಾರ್ಡ್ ಮೈನರ್ ಮೇಜರ್ ನೈನ್ತ್. ಡಿ ಶ್ರುತಿಗೆ ಡಿ, ಎಫ್, ಎ, ಸಿ ಶಾರ್ಪ್, ಇ. ಗಿಟಾರ್‌ನಲ್ಲಿ ಐದನೇ ತಂತಿ 5, ನಾಲ್ಕನೇದು 3, ಮೂರನೇದು 6, ಎರಡನೇದು 5ನೇ ಫ್ರೆಟ್. ಎ ಕೀಬೋರ್ಡ್‌ನಲ್ಲಿ ಬರಲಿ. ಅದನ್ನು ಒಂದೇ ಸಲ ಮೀಟಿ ಪೂರ್ತಿ ಆರುವವರೆಗೆ ಬಿಡಿ, ಮೇಲೆ ಸಿಂಬಲ್ ಬೇಡ. ಜಿ.ಕೆ. ವೆಂಕಟೇಶ್ 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ಸಿಐಡಿ 999ರ ನಾಲ್ಕೂ ಚಿತ್ರಗಳಿಗೆ ಸಂಗೀತ ಕೊಟ್ಟವರು. ಅವರ ಹಾಡಿನ ಕುಣಿತವೇ ಬೇರೆ, ಬಾಂಡ್‌ನ ಗುಂಗು ಉಳಿದಿರುವಾಗಲೇ ಎತ್ತಿಕೊಂಡರೆ ಎರಡೂ ಕೆಡುತ್ತವೆ. ಸದ್ದು ಆರಿದ ಮೇಲೆ ಗಾಯಕರ ಶ್ರುತಿಯ ಷಡ್ಜವನ್ನು ಕೀಬೋರ್ಡ್‌ನಲ್ಲಿ ಎರಡು ಮಾತ್ರೆ ಕೊಟ್ಟು, ಆಕ್ಟೋಪ್ಯಾಡ್‌ನವರು ನಾಲ್ಕು ಎಣಿಸಿ ಶುರು ಮಾಡಲಿ.