ಸಂಘದಿಂದ ಎರಡು ದಿನದ 'ಮನಸ್ಸಿನ ಪ್ರಥಮ ಚಿಕಿತ್ಸೆ' ತರಬೇತಿ: ಬೇಕಾ, ಬೇಡ್ವಾ?

ಡೊಂಬಿವಲಿ_ಸ್ಲೋ:
ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಸಂಘದ ಕಮಿಟಿಯಲ್ಲಿ ಒಂದು ವಿಷಯ ಬಂತು. ಊರು ಬಿಟ್ಟು ಮುಂಬೈಗೆ ಬಂದ ನಮ್ಮವರಲ್ಲಿ ಯಾರೋ ಒಬ್ಬರು ರಾತ್ರೋರಾತ್ರಿ 'ಇನ್ನು ಬದುಕಿ ಏನು ಮಾಡ್ಲಿ' ಅಂತ ಕೂತರೆ, ಇಲ್ಲದ ದನಿ ಕೇಳಿಸ್ತಿದೆ ಅಂತ ಗಾಬರಿಯಾದರೆ, ಡಾಕ್ಟರ್ ಸಿಗೋ ತನಕ ಪಕ್ಕದಲ್ಲಿರೋರು ಏನು ಮಾಡಬೇಕು? ಅದನ್ನು ಕಲಿಸೋಕೆ ಎರಡು ದಿನದ ತರಬೇತಿ. ಶನಿವಾರ, ಭಾನುವಾರ, ಸಂಘದ ಹಾಲ್‌ನಲ್ಲಿ. ಒಟ್ಟು ನಲವತ್ತು ಜನ. ಹೋಟೆಲ್ ಗಲ್ಲಾದಲ್ಲಿ ಕೂರೋರು, ವಾಚ್‌ಮನ್‌ಗಳು, ಭಜನಾ ಮಂಡಳಿಯವರು, ರಾತ್ರಿ ಶಾಲೆಯ ಮೇಷ್ಟ್ರುಗಳು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಕೈಪಿಡಿಯಲ್ಲಿ ಮೂರೇ ಹೆಜ್ಜೆ ಇವೆ. ಅಪಾಯ ಇದೆಯಾ ನೋಡು, ಹೇಳೋದನ್ನು ಕೇಳಿಸಿಕೋ, ಸರಿಯಾದ ಜಾಗಕ್ಕೆ ತಲುಪಿಸು. ಇಷ್ಟೇ ಕಲಿಸೋದು. ಸಲಹೆ ಕೊಡಿ, ಜಗಳ ಬೇಡ.

ನೈಟ್‌ಡ್ಯೂಟಿ_ಅಕ್ಕ:
ಜಗಳ ಬೇಡ ಅಂತ ಮೊದಲೇ ಹೇಳಿದ್ರೆ ಹೇಗೆ? ನಾನು ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ ನರ್ಸ್. ಎರಡು ದಿನದಲ್ಲಿ ನಮಗೆ ಬೆಡ್‌ಶೀಟ್ ಹಾಕೋದೂ ಸರಿಯಾಗಿ ಬಂದಿರಲಿಲ್ಲ. ಸರ್ಟಿಫಿಕೇಟ್ ಕೈಗೆ ಬಂದ ಮರುದಿನವೇ ಇವರು 'ಇವನಿಗೆ ಡಿಪ್ರೆಶನ್, ಅವಳಿಗೆ ಬೈಪೋಲಾರ್' ಅಂತ ಹಣೆಪಟ್ಟಿ ಹಚ್ಚೋಕೆ ಶುರು ಮಾಡ್ತಾರೆ. ಅಲ್ಪವಿದ್ಯೆ ಮಹಾಗರ್ವಿ. ಇಂಥ ತರಬೇತಿಗಳ ಮೇಲಿನ ಅಧ್ಯಯನಗಳನ್ನು ಕೊಕ್ರೇನ್ ಅನ್ನೋ ವೈದ್ಯಕೀಯ ಪುರಾವೆ ಪರಿಶೀಲಿಸೋ ಸಂಸ್ಥೆಯವರು 2023ರಲ್ಲಿ ಒಟ್ಟಿಗೆ ಇಟ್ಟು ನೋಡಿದ್ದಾರೆ. ಇದರಿಂದ ಜನರ ಮನಸ್ಸಿನ ಆರೋಗ್ಯ ಸುಧಾರಿಸುತ್ತದೆ ಅಂತ ಹೇಳುವಷ್ಟು ಗಟ್ಟಿ ಪುರಾವೆ ಅವರಿಗೆ ಸಿಗಲಿಲ್ಲ.

ಬೈನಾ_ಬೀಚ್:
ಅಕ್ಕಾ, 'ಪುರಾವೆ ಸಿಗಲಿಲ್ಲ' ಅನ್ನೋರು ಒಮ್ಮೆ ಗೋವಾಕ್ಕೆ ಬನ್ನಿ. ಇಲ್ಲಿ ಸಂಗತ್ ಅನ್ನೋ ಸಂಸ್ಥೆ 1996ರಿಂದ ಇದೆ. ಡಾಕ್ಟರೂ ಅಲ್ಲದ, ಸೈಕಾಲಜಿಯನ್ನೂ ಓದದ ಊರಿನವರನ್ನೇ ತಯಾರು ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಜೋರಾದ ಖಿನ್ನತೆ ಇದ್ದವರೂ ಅವರ ಹತ್ತಿರ ಮಾತಾಡಿ ಚೇತರಿಸಿಕೊಂಡರು. 2017ರಲ್ಲಿ ಲ್ಯಾನ್ಸೆಟ್ ಅನ್ನೋ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಅಚ್ಚಾಗಿದೆ. ಝಿಂಬಾಬ್ವೆಯಲ್ಲಿ ಅಜ್ಜಿಯರು 2006ರಿಂದ ಆಸ್ಪತ್ರೆ ಅಂಗಳದ ಬೆಂಚಿನ ಮೇಲೆ ಕೂತು ಇದನ್ನೇ ಮಾಡ್ತಿದ್ದಾರೆ. ಅಜ್ಜಿಯರಿಗೆ ಬರೋದು ನಮ್ಮ ಗಲ್ಲಾದವರಿಗೆ ಬರಲ್ವಾ?

ನೈಟ್‌ಡ್ಯೂಟಿ_ಅಕ್ಕ:
'ಕೂರಿಸಿದರು' ಅಂತ ಎಷ್ಟು ಸಲೀಸಾಗಿ ಬರೆದ್ರಿ! ಅವರಿಗೆ ವಾರಗಟ್ಟಲೆ ತರಬೇತಿ, ಆಮೇಲೆ ತಿಂಗಳುಗಟ್ಟಲೆ ಉಸ್ತುವಾರಿ. ರೋಗಿಯ ಜೊತೆ ಆಡಿದ ಮಾತನ್ನು ರೆಕಾರ್ಡ್ ಮಾಡಿ, ಎಲ್ಲರೂ ಕೂತು ಕೇಳಿ, ತಪ್ಪು ತಿದ್ದುತ್ತಿದ್ದರು. ಆರೆಂಟು ಸಲ ಭೇಟಿಯಾಗಿ ಮಾಡೋ ಕೆಲಸ ಅದು. ನೀವು ಹೇಳ್ತಿರೋದು ನಡುರಾತ್ರಿಯ ಗಂಡಾಂತರ. ಅದೇ ಸಂಸ್ಥೆಯವರ 2010ರ ಅಧ್ಯಯನದಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಫಲ ಕಂಡಿತು, ಖಾಸಗಿ ಕ್ಲಿನಿಕ್‌ಗಳಲ್ಲಿ ಕಾಣಲಿಲ್ಲ. ಅದನ್ನು ಯಾಕೆ ಬಿಟ್ರಿ?

ಬೈನಾ_ಬೀಚ್:
ಉಸ್ತುವಾರಿ ಬೇಕು ಅಂತೀರಲ್ಲ, ನೀವೇ ಮಾಡಿ. ಮುಗೀತಲ್ಲ!

ಥಾಣೆ_ವಿಂಡೋಸೀಟ್:
ಅವೆಲ್ಲ ಇರಲಿ. ನಾಳೆ ಪೊಲೀಸ್ ಕೇಸ್ ಆದ್ರೆ? ಆತ್ಮಹತ್ಯೆ ಪ್ರಯತ್ನ ಅಪರಾಧ. ಐಪಿಸಿ ಸೆಕ್ಷನ್ 309. ಪಕ್ಕದಲ್ಲಿ ಕೂತಿದ್ದವನನ್ನೇ ಮೊದಲು ಸ್ಟೇಷನ್ನಿಗೆ ಕರೀತಾರೆ. ಸುಮ್ನೆ ಇರೋಕಾಗದೆ ಇರುವೆ ಬಿಟ್ಟುಕೊಂಡ ಹಾಗಾಗುತ್ತೆ.

ಕೋರ್ಟ್_ಕಾಕಾ:
ಯಾವ ಕಾಲದಲ್ಲಿದ್ದೀರಿ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಓದಿ. ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಮೊದಲು ಭಾವಿಸಬೇಕು, ಶಿಕ್ಷೆ ಕೊಡಬಾರದು. ಅಷ್ಟೇ ಅಲ್ಲ, ಅವರಿಗೆ ಆರೈಕೆ ಕೊಡೋದು ಸರ್ಕಾರದ ಹೊಣೆ. ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲವೇ ಇಲ್ಲ.

ಥಾಣೆ_ವಿಂಡೋಸೀಟ್:
ಅದೇ ಸಂಹಿತೆಯಲ್ಲಿ 226 ಇದೆಯಲ್ಲ ಕಾಕಾ? ಅದನ್ನು ಮಾತ್ರ ಜಾಣತನದಿಂದ ಬಿಟ್ಟಿರಿ.

ಕೋರ್ಟ್_ಕಾಕಾ:
226 ಇರೋದು ಸರ್ಕಾರಿ ನೌಕರನನ್ನು ಮಣಿಸಬೇಕು, ಇಲ್ಲವೇ ಅವನ ಕೆಲಸ ತಡೆಯಬೇಕು ಅಂತ ಪ್ರಾಣಕ್ಕೆ ಕೈಹಾಕುವವರಿಗೆ. ನಿಮ್ಮ ಭಜನಾ ಮಂಡಳಿಗೂ ಅದಕ್ಕೂ ಏನು ಸಂಬಂಧ? ಗೂಗಲ್‌ನಲ್ಲಿ ಸಾಲು ಪೂರ್ತಿ ಓದೋ ಅಭ್ಯಾಸ ಮಾಡಿ.

ಥಾಣೆ_ವಿಂಡೋಸೀಟ್:
ಹಿರಿಯರು ಅಂತ ಸುಮ್ಮನಿದ್ದೇನೆ.

ಮಾಟುಂಗಾ_ಮಾಜಿ:
ಸೆಕ್ಷನ್ ಆಮೇಲೆ. ನಾನು ಕಂಡದ್ದು ಹೇಳ್ತೀನಿ. ಹದಿನಾರಕ್ಕೆ ಬಂದು ಹೋಟೆಲ್‌ನಲ್ಲಿ ಟೇಬಲ್ ಒರೆಸಿದವನು ನಾನು. ಯಾವ ಹೋಟೆಲ್ ಅಂತ ಕೇಳಬೇಡಿ. ರಾತ್ರಿ ಹನ್ನೆರಡೂವರೆಗೆ ಶಟರ್ ಎಳೆದ ಮೇಲೆ ಟೇಬಲ್ ಜೋಡಿಸಿ ಮಲಗುತ್ತಿದ್ದೆವು. ನಮ್ಮಲ್ಲೊಬ್ಬ ಹುಡುಗ ಊಟ ಬಿಟ್ಟ, ಮಾತು ಬಿಟ್ಟ. ಒಂದು ರಾತ್ರಿ ಹಿಂದುಗಡೆ ರುಬ್ಬೋ ಕಲ್ಲಿನ ಪಕ್ಕ ಹೋಗಿ ಕೂತವನು ಮಲಗೋಕೆ ಬರಲೇ ಇಲ್ಲ. ನಮಗೆಲ್ಲ ಹೆದರಿಕೆ, ಒಬ್ಬರೂ ಹತ್ತಿರ ಹೋಗಲಿಲ್ಲ. ಅಡುಗೆ ಭಟ್ಟರು ಎದ್ದು ಮರುದಿನದ ಈರುಳ್ಳಿ ಮೂಟೆ ಬಿಚ್ಚಿ ಅವನ ಎದುರು ಕೂತರು. ಅವನ ಕೈಗೂ ಒಂದು ಚಾಕು ಕೊಡಲು ಹೋದವರು ತಡೆದು, ಸಿಪ್ಪೆ ಮಾತ್ರ ಸುಲಿ ಅಂದರು. ಎಷ್ಟೋ ಹೊತ್ತಿನ ಮೇಲೆ ನೇರ ಕೇಳಿದರು, 'ಸಾಯಬೇಕು ಅಂತ ಅನ್ನಿಸ್ತಿದೆಯಾ ಮಗಾ?' ಅವನು ಅಳೋಕೆ ಶುರು ಮಾಡಿದ. ಬೆಳಿಗ್ಗೆ ಭಟ್ಟರೇ ಅವನನ್ನು ಕರೆದುಕೊಂಡು ಹೋಗಿ ಸರ್ಕಾರಿ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸಿದರು. ಈಗ ಅವನಿಗೆ ಇಬ್ಬರು ಮಕ್ಕಳು.

ಥಾಣೆ_ವಿಂಡೋಸೀಟ್:
ಭಟ್ಟರಿಗೆ ತರಬೇತಿ ಇರಲಿಲ್ಲವಲ್ಲ? ಅಲ್ಲಿಗೆ ತರಬೇತಿ ಬೇಡ ಅಂತಾಯ್ತು. ಮತ್ತೆ ಆ ನೇರ ಪ್ರಶ್ನೆ ಇದೆಯಲ್ಲ, ಹಾಗೆಲ್ಲ ಕೇಳಬಾರದು. ಇಲ್ಲದ ಯೋಚನೆ ತಲೆಗೆ ಹಾಕಿಕೊಟ್ಟ ಹಾಗಾಗುತ್ತೆ.

ನೈಟ್‌ಡ್ಯೂಟಿ_ಅಕ್ಕ:
ತಪ್ಪು. ಶುದ್ಧ ತಪ್ಪು. ಕೇಳೋದರಿಂದ ಆ ಯೋಚನೆ ಹುಟ್ಟೋದಿಲ್ಲ ಅಂತ ಎಷ್ಟೋ ಅಧ್ಯಯನಗಳು ತೋರಿಸಿವೆ. ಕೇಳಿದಾಗ ಹೆಚ್ಚಿನವರಿಗೆ ಎದೆಯ ಭಾರ ಇಳಿಯುತ್ತೆ. ಭಟ್ಟರು ಚಾಕು ಕೊಡದೆ ಹೋದದ್ದು, ಒಂಟಿಯಾಗಿ ಬಿಡದೆ ಇದ್ದದ್ದು, ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು, ಒಂದೂ ತಪ್ಪಿಲ್ಲ.

ಡೊಂಬಿವಲಿ_ಸ್ಲೋ:
ಅಕ್ಕಾ, ನಾವು ಎರಡು ದಿನದಲ್ಲಿ ಕಲಿಸೋಕೆ ಹೊರಟಿರೋದು ಇಷ್ಟನ್ನೇ!

ನೈಟ್‌ಡ್ಯೂಟಿ_ಅಕ್ಕ:
ಕಲಿಸಿ, ಯಾರು ಬೇಡ ಅಂದ್ರು? ಸರ್ಟಿಫಿಕೇಟ್ ಕೊಡಬೇಡಿ ಅಂದೆ.

ಗಲ್ಲಾ_ಪೆಟ್ಟಿಗೆ:
ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ. 'ಹನ್ನೆರಡೂವರೆಗೆ ಶಟರ್, ಟೇಬಲ್ ಜೋಡಿಸಿ ಮಲಗುತ್ತಿದ್ದೆವು' ಅಂತ ಬರೆದಿದ್ದಾರೆ. ಎಂತ ಮಾರಾಯ್ರೇ, ಹೋಟೆಲಿನವರೆಲ್ಲ ರಾಕ್ಷಸರು ಅಂತಲಾ? ಆ ಹುಡುಗರಿಗೆ ಊಟ, ಜಾಗ, ರಾತ್ರಿ ಶಾಲೆಯ ಫೀಸು ಕೊಟ್ಟವರು ಯಾರು? ಇನ್ನೊಂದು. ಭಾನುವಾರ ತರಬೇತಿ ಅಂತ ಇಟ್ಟವರಿಗೆ ಹೋಟೆಲ್ ಹೇಗೆ ನಡೀತದೆ ಗೊತ್ತುಂಟಾ? ಭಾನುವಾರ ಬೆಳಿಗ್ಗೆ ಇಡ್ಲಿಗೆ ಫುಟ್‌ಪಾತ್ ತನಕ ಕ್ಯೂ ಇರ್ತದೆ. ಗಲ್ಲಾ ಬಿಟ್ಟು ಯಾರು ಬರೋದು?

ಮಾಟುಂಗಾ_ಮಾಜಿ:
ರಾಕ್ಷಸರು ಅಂತ ನಾನು ಬರೆದಿಲ್ಲ. ನಿಮಗೇ ಹಾಗೆ ಓದಿಸಿಕೊಂಡಿದ್ದರೆ ನಾನೇನು ಮಾಡ್ಲಿ? ಊಟ ಕೊಟ್ಟಿರಿ, ನಿಜ. ವಾರಕ್ಕೊಂದು ರಜೆ ಕೊಟ್ಟಿರಾ?

ಕೋರ್ಟ್_ಕಾಕಾ:
ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆ ಪ್ರಕಾರ ವಾರಕ್ಕೆ 48 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ವಾರಕ್ಕೊಂದು ದಿನ ಪೂರ್ತಿ ರಜೆ. ಬೇಕಾದ್ರೆ ಭಾನುವಾರ ಬಿಟ್ಟು ಬೇರೆ ದಿನ ಕೊಡಿ, ಆದರೆ ಕೊಡಲೇಬೇಕು.

ಗಲ್ಲಾ_ಪೆಟ್ಟಿಗೆ:
ವಕೀಲರೇ, ಆ ಕಾಯ್ದೆ ಈಗ ಇಪ್ಪತ್ತು ಜನ ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದಲ್ಲಿಗೆ. ನಮ್ಮಲ್ಲಿ ಅಷ್ಟು ಜನ ಇಲ್ಲ.

ಮಾಟುಂಗಾ_ಮಾಜಿ:
ಗೊತ್ತು. ಅದಕ್ಕೇ ಎಲ್ಲ ಕಡೆ ಹತ್ತೊಂಬತ್ತೇ ಜನ ಇರ್ತಾರೆ.

ಗಲ್ಲಾ_ಪೆಟ್ಟಿಗೆ:
ಇದು ಜಾಸ್ತಿ ಆಯ್ತು. ನಾನೂ ಕ್ಲೀನರ್ ಆಗಿ ಬಂದವನೇ. ನೆಲದಲ್ಲಿ ಮಲಗಿದ್ದೇನೆ. ನನಗೆ ಯಾವ ತರಬೇತಿಯವರೂ ಬಂದು ಕೈ ಹಿಡಿಯಲಿಲ್ಲ. ಬಾಡಿಗೆ ಗೊತ್ತುಂಟಾ, ಗ್ಯಾಸ್ ರೇಟ್ ಗೊತ್ತುಂಟಾ? ಎಸಿ ಆಫೀಸಲ್ಲಿ ಕೂತು ಸೆಕ್ಷನ್ ಹೇಳೋದು ಸುಲಭ. ಮಾಲಕರಿಗೆ ಟೆನ್ಶನ್ ಆದ್ರೆ ಯಾರು ಕೇಳ್ತಾರೆ? ಅವರಿಗೂ ಒಂದು ತರಬೇತಿ ಇಡಿ.

ಕೋರ್ಟ್_ಕಾಕಾ:
ನನ್ನ ಆಫೀಸಲ್ಲಿ ಎಸಿ ಇಲ್ಲ. ಫ್ಯಾನಿನ ರೆಗ್ಯುಲೇಟರೂ ಕೆಟ್ಟಿದೆ.

ಬಳ್ಳಾರಿ_ಇನ್_ಪುಣೆ:
ಅಣ್ಣಾವ್ರೇ, ಇಡ್ಲಿ ಬಿಟ್ಟು ವಿಷಯಕ್ಕೆ ಬರ್ರಿ. ಝಿಂಬಾಬ್ವೆ, ಗೋವಾ ಎಲ್ಲ ಹೇಳಿದ್ರಿ, ನಮ್ಮ ಬಳ್ಳಾರಿ ಮರೆತ್ರಿ. 80ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ತೋರಿಸಿದ್ದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಅವರಿಗೆ ಹಿಂದೆ ಡಾಕ್ಟರ್ ಇದ್ದರು, ಔಷಧಿ ಇತ್ತು. ನಿಮ್ಮ ಹಾಲ್‌ನಲ್ಲಿ ಕಲಿತವರ ಹಿಂದೆ ಯಾರಿದ್ದಾರೆ? ಇದಕ್ಕೆ ಯಾರಾದ್ರೂ ಉತ್ತರ ಕೊಡ್ರಿ.

ಗಲ್ಲಾ_ಪೆಟ್ಟಿಗೆ:
ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚಿ ಮಲಗೋ ಪುಣೆಯವರು ಇಡ್ಲಿ ಬಿಡಿ ಅಂತ ನಮಗೆ ಹೇಳಬೇಡಿ.

ಬಳ್ಳಾರಿ_ಇನ್_ಪುಣೆ:
ನಾನು ಕೇಳಿದ್ದೇನು, ನೀವು ಹೇಳ್ತಿರೋದೇನು!

ಬೈನಾ_ಬೀಚ್:
ಹಿಂದೆ ಯಾರಿದ್ದಾರೆ ಅಂದ್ರೆ, ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ ಇದೆ. 14416. 2022ರ ಅಕ್ಟೋಬರ್ 10ರಿಂದ ನಡೀತಿದೆ, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೂ ಮಾತಾಡಬಹುದು. ಈ ಒಂದು ನಂಬರನ್ನು ಗಲ್ಲಾದ ಗಾಜಿನ ಮೇಲೆ ಅಂಟಿಸಿದ್ರೂ ಸಾಕು, ಅರ್ಧ ತರಬೇತಿ ಮುಗಿದ ಹಾಗೆ.

ನೈಟ್‌ಡ್ಯೂಟಿ_ಅಕ್ಕ:
ಅರ್ಧ ಅಲ್ಲ, ಕಾಲು ಭಾಗವೂ ಅಲ್ಲ. ಕೈಕಾಲು ನಡುಗುತ್ತಿರೋನು ತಾನೇ ನಂಬರ್ ಒತ್ತೋದಿಲ್ಲ. ಒತ್ತಿಕೊಡೋಕೆ ಪಕ್ಕದಲ್ಲಿ ಒಬ್ಬ ಬೇಕು. ಪ್ರಾಣಕ್ಕೆ ಈಗಲೇ ಅಪಾಯ ಇದ್ದರೆ ತುರ್ತು ನಂಬರ್ 112 ಮೊದಲು, ಇಲ್ಲಾಂದ್ರೆ ಹತ್ತಿರದ ಆಸ್ಪತ್ರೆ. ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ತುರ್ತು ಹೊತ್ತಲ್ಲಿ ಯಾವ ನೋಂದಾಯಿತ ಡಾಕ್ಟರ್ ಬೇಕಾದರೂ ಚಿಕಿತ್ಸೆ ಶುರು ಮಾಡಬಹುದು, ಮನೋವೈದ್ಯರೇ ಆಗಬೇಕು ಅಂತಿಲ್ಲ. ಇದನ್ನು ಕಲಿಸಿ.

ಥಾಣೆ_ವಿಂಡೋಸೀಟ್:
'ಪಕ್ಕದಲ್ಲಿ ಒಬ್ಬ ಬೇಕು' ಅಂತ ನೀವೇ ಹೇಳ್ತೀರಿ, ತರಬೇತಿ ಬೇಡ ಅಂತಲೂ ನೀವೇ ಹೇಳಿದ್ರಿ. ಒಂದು ಕಡೆ ನಿಲ್ಲಿ ಅಕ್ಕಾ.

ನೈಟ್‌ಡ್ಯೂಟಿ_ಅಕ್ಕ:
ನೀವು ವಿಂಡೋ ಸೀಟಲ್ಲೇ ಕೂತಿರಿ. ಇಲ್ಲಿ ನಿಂತಿರೋರ ಕಷ್ಟ ನಿಮಗೆ ಬೇಡ.

ಮಾಟುಂಗಾ_ಮಾಜಿ:
ಮತ್ತೆ ಭಾನುವಾರಕ್ಕೆ ಬರ್ತೀನಿ. ರಾತ್ರಿ ಒಂದು ಗಂಟೆಗೆ ಎಚ್ಚರ ಇರೋರು ಯಾರು? ಕ್ಲೀನರ್, ಸಪ್ಲೈಯರ್, ವಾಚ್‌ಮನ್. ಭಾನುವಾರ ಬಿಡುವಾಗಿ ಹಾಲ್‌ಗೆ ಬರೋರು ಯಾರು? ಕಮಿಟಿಯವರು, ಬ್ಯಾಂಕಿನಿಂದ ರಿಟೈರ್ ಆದವರು. ಅವರು ಹತ್ತಕ್ಕೆಲ್ಲ ಮಾತ್ರೆ ತಗೊಂಡು ಮಲಗಿರ್ತಾರೆ. ರಿಪೇರಿಗೆ ಅಂತ ಲೋಕಲ್ ಟ್ರೈನ್ ನಿಲ್ಲಿಸೋ ಮೆಗಾಬ್ಲಾಕ್ ಇದ್ದರೆ ಅವರೂ ಬರಲ್ಲ. ಗಲ್ಲಾದಲ್ಲಿ ಕೂರೋರಿಗೆ ಕಲಿಸಿದ್ರೆ ಇನ್ನೊಂದು ತೊಂದರೆ. ಸಂಬಳ ಹಿಡಿಯೋನ ಹತ್ತಿರ ಹೋಗಿ ಯಾವ ಹುಡುಗ 'ನನಗೆ ಸಾಯಬೇಕು ಅನ್ನಿಸ್ತಿದೆ' ಅಂತ ಹೇಳ್ತಾನೆ?

ಗಲ್ಲಾ_ಪೆಟ್ಟಿಗೆ:
'ಸಂಬಳ ಹಿಡಿಯೋನು'! ನೋಡಿದ್ರಾ? ಇದನ್ನು ನಾನು ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ನಮ್ಮ ಹೋಟೆಲಿನವರ ಗ್ರೂಪಿನಲ್ಲಿ ಹಾಕ್ತೇನೆ. ಸಂಘದ ಹಾಲ್ ಯಾರ ದೇಣಿಗೆಯಿಂದ ಆದದ್ದು ಅಂತ ಗೋಡೆಯ ಕಲ್ಲಿನಲ್ಲಿ ಬರೆದಿದೆ, ಒಮ್ಮೆ ಓದಿಕೊಂಡು ಬನ್ನಿ.

ಮಾಟುಂಗಾ_ಮಾಜಿ:
ಓದಿದ್ದೇನೆ. ಆ ಕಲ್ಲು ಒರೆಸಿದ್ದೂ ನಾನೇ.

ಡೊಂಬಿವಲಿ_ಸ್ಲೋ:
ಸ್ವಲ್ಪ ನಿಲ್ಲಿಸಿ. ದಿನದ ಬಗ್ಗೆ ಹೇಳಬೇಕು. ಭಾನುವಾರ ಹಾಲ್‌ನಲ್ಲಿ ಒಂದು ನಿಶ್ಚಿತಾರ್ಥಕ್ಕೆ ಬುಕಿಂಗ್ ಆಗಿದೆ ಅಂತ ಈಗ ಗೊತ್ತಾಯ್ತು. ಹಾಗಾಗಿ, ಬೇರೆ ಯಾವ ಕಾರಣಕ್ಕೂ ಅಲ್ಲ, ತರಬೇತಿಯನ್ನು ಮಂಗಳವಾರಗಳಿಗೆ ಹಾಕ್ತಿದ್ದೇವೆ. ಮಧ್ಯಾಹ್ನ ಮೂರರಿಂದ ಐದೂವರೆ, ಆರು ವಾರ. ಗಂಟೆ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಬರುತ್ತೆ. ಸರ್ಟಿಫಿಕೇಟ್ ವಿಷಯ ಕಮಿಟಿ ನೋಡುತ್ತೆ. ತಿಂಗಳಿಗೊಮ್ಮೆ ಬಂದು ಕಷ್ಟದ ಕೇಸುಗಳ ಬಗ್ಗೆ ಮಾತಾಡೋಕೆ ಒಬ್ಬ ಮನೋವೈದ್ಯರನ್ನೂ ಕೇಳ್ತಿದ್ದೇವೆ.

ಬಳ್ಳಾರಿ_ಇನ್_ಪುಣೆ:
ಕೊನೆಯ ಸಾಲು ಮೊದಲು ಬರೀಬೇಕಿತ್ರೀ.

ಗಲ್ಲಾ_ಪೆಟ್ಟಿಗೆ:
ಮೂರರಿಂದ ಐದೂವರೆ ಆದ್ರೆ ನಾನು ಇಬ್ಬರನ್ನು ಕಳಿಸ್ತೇನೆ. ಇಲ್ಲಿ ಯಾರೋ ಹೇಳಿದ್ರು ಅಂತ ಅಲ್ಲ. ಆ ಹೊತ್ತಿಗೆ ಗಿರಾಕಿ ಕಮ್ಮಿ.

ಮಾಟುಂಗಾ_ಮಾಜಿ:
ಗಿರಾಕಿ ಕಮ್ಮಿ ಇರೋ ಆ ಎರಡು ಗಂಟೆಯೇ ಹುಡುಗರು ಮಲಗೋ ಹೊತ್ತು. ರಾತ್ರಿ ಒಂದಕ್ಕೆ ಮಲಗಿ ಬೆಳಿಗ್ಗೆ ಐದಕ್ಕೆ ಏಳೋರು ಅವರು. ಅದನ್ನೂ ಕಿತ್ಕೊಂಡ್ರೆ ಹೇಗೆ?

ಗಲ್ಲಾ_ಪೆಟ್ಟಿಗೆ:
ಕಳಿಸದಿದ್ರೆ ರಾಕ್ಷಸ, ಕಳಿಸಿದ್ರೂ ರಾಕ್ಷಸ. ಸರಿ, ಆ ಇಬ್ಬರಿಗೆ ಮಂಗಳವಾರ ಬೆಳಿಗ್ಗೆ ಡ್ಯೂಟಿ ಇಲ್ಲ. ಇನ್ನೇನು ಬೇಕು?

ಥಾಣೆ_ವಿಂಡೋಸೀಟ್:
ಒಂದು ನಿಮಿಷ. ಮಂಗಳವಾರ ಮಧ್ಯಾಹ್ನ ಅಂದ್ರೆ ಆಫೀಸಿಗೆ ಹೋಗೋರು ಬರೋದು ಹೇಗೆ? ನಮ್ಮನ್ನು ಬೇಕಂತಲೇ ಬಿಟ್ರಾ?