ಕೌದಿಯ ಅಂಚು ಅಲೆಅಲೆಯಾಗಿದೆ, ಸ್ವೆಟರ್ ತಲೆ ದಾಟುತ್ತಿಲ್ಲ: ಇನ್ನು 18 ದಿನ ಇದೆ

ನೂಲುಂಡೆ, ಬಸವನಗುಡಿ:
ಎಲ್ಲರಿಗೂ ನಮಸ್ಕಾರ. ಎರಡು ಕೆಲಸ ಕೊನೆಗೆ ಬಂದು ನಿಂತುಬಿಟ್ಟಿವೆ. ದಯವಿಟ್ಟು ದಾರಿ ತೋರಿಸಿ.

ನನ್ನ ಗೆಳತಿಗೆ ಗಂಡು ಮಗು ಆಗಿದೆ. ಇನ್ನು 18 ದಿನಕ್ಕೆ ಮಲ್ಲೇಶ್ವರದಲ್ಲಿ ನಾಮಕರಣ. ಅವಳ ಅಮ್ಮ ಹುಬ್ಬಳ್ಳಿಯವರು. ಹೋದ ವರ್ಷ ಅವರು ತಮ್ಮ ಹಳೇ ಇಳಕಲ್ ಸೀರೆಗಳ ಒಂದು ಗಂಟು ನನಗೆ ಕೊಟ್ಟು, "ಇದರಾಗ ಏನರ ಮಾಡವ್ವ" ಅಂದಿದ್ದರು. ಅದರಲ್ಲೇ ಮಗುವಿಗೆ ಕೌದಿ ಹೊಲಿಯುತ್ತಿದ್ದೇನೆ. ನಡುವೆ ಹತ್ತಿಯ ಒಡಲಿನ ತುಂಡುಗಳು, ಸುತ್ತ ನಾಲ್ಕು ಇಂಚು ಅಗಲಕ್ಕೆ ಕೆಂಪು ಸೆರಗು. ಒಳಗೆ ಒಂದು ಪದರ ಹಳೇ ಪಂಚೆ. ಹೊಲಿಗೆಯೆಲ್ಲ ಕೈಯಲ್ಲೇ.

ಸಮಸ್ಯೆ ಏನೆಂದರೆ, ನೆಲದ ಮೇಲೆ ಹಾಸಿದರೆ ನಡುಭಾಗ ಚಪ್ಪಟೆಯಾಗಿ ಕೂರುತ್ತದೆ, ಸುತ್ತ ಅಂಚು ಮಾತ್ರ ಹಪ್ಪಳದ ಹಾಗೆ ಎದ್ದು ನಿಲ್ಲುತ್ತದೆ. ಒಂದು ರಾತ್ರಿ ದಪ್ಪ ಪುಸ್ತಕ ಹೇರಿ ಇಟ್ಟೆ. ಬೆಳಿಗ್ಗೆ ಪುಸ್ತಕ ತೆಗೆದ ಕೂಡಲೇ ಮತ್ತೆ ಎದ್ದಿತು.

ಎರಡನೆಯದು ಸ್ವೆಟರ್. ಆರು ತಿಂಗಳ ಅಳತೆ, ಅಕ್ರಿಲಿಕ್ ಉಲ್ಲನ್. ಮೈಗೆ 9 ನಂಬರ್ ಕಡ್ಡಿ, ಕುತ್ತಿಗೆಯ ರಿಬ್‌ಗೆ, ಅಂದರೆ ಹಿಗ್ಗುವ ಪಟ್ಟಿಗೆ, 11 ನಂಬರ್. ಎಲ್ಲ ಮುಗಿಸಿ, ದಾರದ ಬಾಲ ಸಿಕ್ಕಿಸಿ, ಪಕ್ಕದ ಮನೆ ಮಗುವಿಗೆ ಹಾಕಿ ನೋಡಿದೆ. ಹಣೆಯ ಹತ್ತಿರ ಸಿಕ್ಕಿಕೊಂಡಿತು. ಪಾಪ, ಅಳೋಕೆ ಶುರು ಮಾಡಿತು. ಕೂಡಲೇ ತೆಗೆದೆ. ಆಗಿನಿಂದ ಅದನ್ನು ಕೈಯಲ್ಲಿ ಹಿಡಿಯೋಕೂ ಬೇಜಾರು.

ಎರಡನ್ನೂ ಪೂರ್ತಿ ಬಿಚ್ಚಬೇಕಾ?

ಕಡ್ಡಿ ನಂಬರ್ ಎಂಟು, ವಿಜಯನಗರ:
ಪೂರ್ತಿ ಬಿಚ್ಚಬೇಡಿ ಮೇಡಂ. ಮೊದಲು ಸ್ವೆಟರ್ ನೋಡೋಣ, ಅದು ಒಂದು ಸಂಜೆಯ ಕೆಲಸ.

ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ರಿಬ್ ಚೆನ್ನಾಗಿ ಹಿಗ್ಗಿ, ಮೇಲಿನ ಕೊನೆ ಸಾಲು ಮಾತ್ರ ತಂತಿ ಹಾಗೆ ಗಟ್ಟಿಯಾಗಿ ನಿಂತರೆ ತಪ್ಪು ಕಾಸ್ಟ್ ಆಫ್‌ನಲ್ಲಿದೆ, ಅಂದರೆ ಕುಣಿಕೆಗಳನ್ನು ಮುಚ್ಚಿ ಮುಗಿಸುವ ಸಾಲಿನಲ್ಲಿ. ರಿಬ್ಬೇ ಹಿಗ್ಗದಿದ್ದರೆ ಕುತ್ತಿಗೆ ಸುತ್ತ ಎತ್ತಿಕೊಂಡ ಕುಣಿಕೆ ಕಡಿಮೆಯಾಗಿದೆ ಅಂತ ಅರ್ಥ. ಆಗ ರಿಬ್ ಇಡಿಯಾಗಿ ಮತ್ತೆ ಹೆಣೆಯಬೇಕು. ಯಾವುದು ಅಂತ ಹೇಳಿ.

ಇನ್ನೊಂದು ಅಳತೆ ಕೊಡಿ. ಪೂರ್ತಿ ಎಳೆದಾಗ ಕುತ್ತಿಗೆಯ ಸುತ್ತಳತೆ ಎಷ್ಟು? ಹುಟ್ಟಿದ ಮಗುವಿನ ತಲೆ ಸುತ್ತ ಸುಮಾರು 35 ಸೆಂಟಿಮೀಟರ್ ಇರುತ್ತದೆ. ಆರು ತಿಂಗಳಿಗೆ 43ರ ಹತ್ತಿರ, ವರ್ಷ ತುಂಬುವಾಗ 46ರ ಹತ್ತಿರ. ಮಕ್ಕಳ ಮೈ ಚಿಕ್ಕದು ಅಂತ ನಾವು ಕುತ್ತಿಗೆಯನ್ನೂ ಚಿಕ್ಕದು ಮಾಡಿಬಿಡುತ್ತೇವೆ. ತಲೆ ಮಾತ್ರ ದೊಡ್ಡದೇ.

ನೂಲುಂಡೆ:
ರಿಬ್ ಹಿಗ್ಗುತ್ತದೆ, ಕೊನೆ ಸಾಲು ಹಿಗ್ಗುವುದಿಲ್ಲ. ಎಳೆದರೆ 38 ಸೆಂಟಿಮೀಟರ್. ಅದಕ್ಕಿಂತ ಒಂದು ಎಳೆಯೂ ಜಾಸ್ತಿ ಬರಲಿಲ್ಲ.

ಕಡ್ಡಿ ನಂಬರ್ ಎಂಟು:
ಒಳ್ಳೆಯದಾಯಿತು. ಆ ಒಂದು ಸಾಲು ಬಿಚ್ಚಿದರೆ ಸಾಕು.

ಕಾಸ್ಟ್ ಆಫ್ ಬಿಚ್ಚುವುದು ಕೊನೆಯ ಕುಣಿಕೆ ಕಡೆಯಿಂದ ಮಾತ್ರ, ಶುರು ಮಾಡಿದ ಕಡೆಯಿಂದ ಬಿಚ್ಚೋಕೆ ಬರುವುದಿಲ್ಲ. ಆದ್ದರಿಂದ ನೀವು ಸಿಕ್ಕಿಸಿದ ಬಾಲ ಹುಡುಕಬೇಕು. ಸ್ವೆಟರ್ ಒಳಗು ಹೊರಗು ಮಾಡಿ, ಕಿಟಕಿ ಬೆಳಕಿಗೆ ಹಿಡಿಯಿರಿ. ಒಂದು ಕಡೆ ದಾರ ಎರಡೆಳೆಯಾಗಿ ದಪ್ಪ ಕಾಣುತ್ತದೆ. ಅಲ್ಲಿಂದ ಮೊಂಡು ಸೂಜಿಯಲ್ಲಿ ಮೆಲ್ಲಗೆ ಹೊರಗೆ ತೆಗೆಯಿರಿ. ಬಿಚ್ಚಿದ ಹಾಗೆಲ್ಲ ಕುಣಿಕೆಗಳನ್ನು ಸಣ್ಣ ಕಡ್ಡಿಗೆ ಏರಿಸಿ. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, 12 ನಂಬರ್ ಇದ್ದರೆ ಸಲೀಸು, ಕುಣಿಕೆ ಎಳೆದು ಹಾಳಾಗುವುದಿಲ್ಲ.

ಆಮೇಲೆ 8 ನಂಬರ್ ಕಡ್ಡಿಯಲ್ಲಿ ಕಾಸ್ಟ್ ಆಫ್ ಮಾಡಿ. ನಿಮ್ಮ 11 ನಂಬರ್ ಅಂದರೆ 3 ಮಿಲಿಮೀಟರ್, 8 ನಂಬರ್ ಅಂದರೆ 4. ಆ ಒಂದು ಮಿಲಿಮೀಟರ್ ಪ್ರತಿ ಕುಣಿಕೆಗೂ ಸೇರಿ ಸೇರಿ ತಲೆ ದಾಟುವಷ್ಟು ಜಾಗ ಆಗುತ್ತದೆ. ವಿಧಾನವನ್ನೂ ಬದಲಾಯಿಸಿ. ಎರಡು ಕುಣಿಕೆಯನ್ನು ಹಿಂದಿನ ಎಳೆಯಿಂದ ಒಟ್ಟಿಗೆ ಹೆಣೆಯಿರಿ. ಬಂದ ಒಂದು ಕುಣಿಕೆಯನ್ನು ಎಡ ಕಡ್ಡಿಗೆ ವಾಪಸ್ ಹಾಕಿ. ಮತ್ತೆ ಎರಡನ್ನು ಒಟ್ಟಿಗೆ. ಹೀಗೇ ಕೊನೆತನಕ. ಇದು ಚೆನ್ನಾಗಿ ಹಿಗ್ಗುತ್ತದೆ. ದಾರ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಹಳೇ ದಾರ ಸಾಲದೆ ಬರಬಹುದು. ಹೊಸ ಉಂಡೆಯಿಂದ ಒಂದೂವರೆ ಮೀಟರ್ ಪಕ್ಕದಲ್ಲಿ ಇಟ್ಟುಕೊಳ್ಳಿ.

ಒಂದು ಮಾತು. ಏನೇ ಆದರೂ ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಬೇಡಿ. ಅಕ್ರಿಲಿಕ್‌ಗೆ ಬಿಸಿ ತಾಗಿದರೆ ರಿಬ್ ಚಪ್ಪಟೆಯಾಗಿ ಹಾಗೇ ಉಳಿದುಬಿಡುತ್ತದೆ, ಮತ್ತೆ ಪುಟಿಯುವುದಿಲ್ಲ.

ಹಳೇಸೀರೆ, ಹನುಮಂತನಗರ:
ಕೌದಿಗೆ ನಾನು ಬರುತ್ತೇನೆ. ನೂಲುಂಡೆ ಅವರೇ, ಟೇಪು ತಗೊಳ್ಳಿ. ಅಗಲವನ್ನು ಮೂರು ಕಡೆ ಅಳೆಯಿರಿ: ಮೇಲಿನ ಅಂಚು, ನಟ್ಟ ನಡು, ಕೆಳಗಿನ ಅಂಚು. ಉದ್ದವನ್ನೂ ಹಾಗೇ ಮೂರು ಕಡೆ. ಇನ್ನೆರಡು ಪ್ರಶ್ನೆ. ನಡುವಿನ ಹೊಲಿಗೆ ಸಾಲುಗಳು ಎಷ್ಟು ಹತ್ತಿರ ಇವೆ? ಸೆರಗಿನ ಮೇಲೆ ಎಷ್ಟು ಸಾಲು?

ನೂಲುಂಡೆ:
ಅಗಲ: ಮೇಲೆ 39 ಇಂಚು, ನಡುವೆ 37, ಕೆಳಗೆ 39. ಉದ್ದ: ಎರಡು ಅಂಚಿನಲ್ಲೂ 48½, ನಡುವೆ 46½.
ನಡುವೆ ಅರ್ಧ ಇಂಚಿಗೆ ಒಂದು ಸಾಲು. ಸೆರಗಿನ ಮೇಲೆ ಎರಡೇ ಸಾಲು ಹಾಕಿದ್ದೇನೆ. ಅದರ ಬಿಳಿ ವಿನ್ಯಾಸ ಮುಚ್ಚಿಹೋಗಬಾರದು ಅಂತ.

ಹಳೇಸೀರೆ:
ಕಾರಣ ಸಿಕ್ಕಿತು. ಎರಡಿಂಚು ವ್ಯತ್ಯಾಸ, ಅದೇ ಅಲೆಯಾಗಿ ಏಳುತ್ತಿದೆ.

ಕೈಹೊಲಿಗೆಯ ಪ್ರತಿ ಸಾಲೂ ಬಟ್ಟೆಯನ್ನು ಚೂರು ಒಳಗೆ ಎಳೆಯುತ್ತದೆ. ನಡುವೆ ಅಷ್ಟೊಂದು ಸಾಲು ಹಾಕಿದ್ದೀರಿ, ನಡು ಕುಗ್ಗಿದೆ. ಸೆರಗಿನ ಮೇಲೆ ಎರಡೇ ಸಾಲು, ಅದು ಇದ್ದಷ್ಟೇ ಇದೆ. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ನೇಯುವಾಗ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಸೇರಿಸುತ್ತಾರೆ, ಅದರಿಂದಲೇ ಒಂದೇ ಸೀರೆಯಲ್ಲಿ ಎರಡು ಸ್ವಭಾವದ ಬಟ್ಟೆ. ರೇಷ್ಮೆ ಜಾರುತ್ತದೆ, ಹತ್ತಿಯ ಪಕ್ಕ ಇಟ್ಟು ಹೊಲಿದರೆ ಗೊತ್ತಾಗದ ಹಾಗೆ ಸರಿದು ಉದ್ದವಾಗುತ್ತದೆ. ಅಂಚಿನ ಪಟ್ಟಿಯನ್ನು ನಡುವಿನ ಅಳತೆಗೆ ಮೊದಲೇ ಕತ್ತರಿಸಿದ್ದಿರಾ, ಇಲ್ಲ ಉದ್ದ ಪಟ್ಟಿ ಹೊಲಿಯುತ್ತಾ ಹೋಗಿ ಕೊನೆಗೆ ಕತ್ತರಿಸಿದ್ದಿರಾ?

ನೂಲುಂಡೆ:
ಹೊಲಿಯುತ್ತಾ ಹೋಗಿ ಕೊನೆಗೆ ಕತ್ತರಿಸಿದೆ.

ಹಳೇಸೀರೆ:
ಬಹಳ ಜನ ಹಾಗೇ ಮಾಡುತ್ತಾರೆ, ಚಿಂತೆ ಬೇಡ. ಬಿಚ್ಚದೆ ಸರಿ ಮಾಡಬಹುದು.

ಮೊದಲು ಸೆರಗಿನ ಮೇಲೆ ಸಾಲು ಜಾಸ್ತಿ ಮಾಡಿ. ನಡುವಿನಷ್ಟೇ, ಅರ್ಧ ಇಂಚಿಗೆ ಒಂದು. ಒಳಗಿನಿಂದ ಹೊರಗೆ ಬನ್ನಿ. ವಿನ್ಯಾಸ ಮುಚ್ಚುತ್ತದೆ ಅನ್ನುವ ಭಯವಿದ್ದರೆ ಕೆಂಪು ದಾರವನ್ನೇ ಹಾಕಿ, ಬಿಳಿ ಎಳೆ ಬಂದ ಕಡೆ ಹೊಲಿಗೆಯನ್ನು ಅದರ ಕೆಳಗೆ ನುಗ್ಗಿಸಿ. ಇಷ್ಟಕ್ಕೇ ಸುಮಾರು ಒಂದಿಂಚು ಒಳಗೆ ಬರಬಹುದು.

ಉಳಿದಿದ್ದಕ್ಕೆ, ಅಂಚಿನಿಂದ ಕಾಲಿಂಚು ಒಳಗೆ ಗಟ್ಟಿ ದಾರದಲ್ಲಿ ಒಂದು ಕಚ್ಚಾ ಹೊಲಿಗೆ ಓಡಿಸಿ. ಎರಡೂ ತುದಿಯಿಂದ ಮೆಲ್ಲಗೆ ಎಳೆದು ನಡುವಿನ ಅಳತೆಗೆ ತನ್ನಿ: ಅಗಲ 37, ಉದ್ದ 46½. ಬೆರಳಲ್ಲಿ ಸವರಿ ಸುಕ್ಕನ್ನು ಎಲ್ಲ ಕಡೆ ಹಂಚಿ. ಒಂದೇ ಕಡೆ ನೆರಿಗೆ ಕೂತರೆ ಕಾಣುತ್ತದೆ. ಹಂಚಿದರೆ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ ಅಂಚಿಗೆ ಪಟ್ಟಿ. ನಿಮ್ಮ ಅಳತೆಗೆ ಸುತ್ತಳತೆ 167 ಇಂಚು. ಮೂಲೆ ತಿರುಗಿಸೋಕೆ, ಜೋಡಿಸೋಕೆ ಸೇರಿ 180 ಇಟ್ಟುಕೊಳ್ಳಿ. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಎರಡೂವರೆ ಇಂಚಿನ ಐದು ಪಟ್ಟಿ. ಅರ್ಧ ಮೀಟರ್ ಧಾರಾಳ. ನೇರ ಎಳೆಯಲ್ಲೇ ಕತ್ತರಿಸಿ. ಬ್ಲೌಸ್ ಪೈಪಿಂಗ್‌ಗೆ ಬೇಕಾದ, ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಇಲ್ಲಿ ಬೇಡ, ಅದು ಹಿಗ್ಗಿ ಮತ್ತೆ ಅಲೆ ತರುತ್ತದೆ. ಪಟ್ಟಿಗಳನ್ನು ಒಂದಕ್ಕೊಂದು ಓರೆಯಾಗಿ ಜೋಡಿಸಿದರೆ ಗಂಟು ದಪ್ಪ ಆಗುವುದಿಲ್ಲ.

ಪಟ್ಟಿಯ ಮೊದಲ ಹೊಲಿಗೆ ಮಿಷನ್‌ನಲ್ಲಿ ಹಾಕುವುದಾದರೆ ಕೌದಿ ಕೆಳಗಿರಲಿ, ಪಟ್ಟಿ ಮೇಲಿರಲಿ. ಮಿಷನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಉದ್ದ ಜಾಸ್ತಿ ಇರುವ ಬಟ್ಟೆ ಯಾವಾಗಲೂ ಕೆಳಗೆ. ನಮ್ಮತ್ತೆ ನನಗೆ ಕಲಿಸಿದ ಮೊದಲ ಪಾಠ ಇದು.

ಹಳಿಯಾಳದ ಹುಡುಗಿ, ರಾಜಾಜಿನಗರ:
ಒಂದು ವಿಷಯ ಹೇಳಬೇಕು ಅನ್ನಿಸಿತು. ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಅನ್ನುತ್ತಾರೆ. ಅವರು ಅಂಚಿನಿಂದಲೇ ಶುರು ಮಾಡುತ್ತಾರೆ. ಅಂಚು ಮಡಚಿ ಹೊಲಿದು, ತುಂಡುಗಳನ್ನು ಸುತ್ತು ಸುತ್ತಾಗಿ ಜೋಡಿಸುತ್ತಾ ಒಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಅಂಚು ಮೊದಲೇ ಮುಗಿದಿರುತ್ತದೆ. ಉಳಿದದ್ದನ್ನೆಲ್ಲ ನಡುವೆ ಹೊಂದಿಸಿಕೊಳ್ಳುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಮುಮ್ಮೂಲೆ ಸಿಕ್ಕಿಸುತ್ತಾರೆ, ಅದಕ್ಕೆ ಫೂಲ ಅಂತಾರೆ. ಫೂಲ ಇಲ್ಲದೆ ಕವಂದಿ ಮುಗಿಯಿತು ಅನ್ನುವುದಿಲ್ಲ. ಮುಂದಿನ ಕೌದಿಗೆ ಹೀಗೆ ಪ್ರಯತ್ನಿಸಿ ಅಕ್ಕಾ. ನಾನು ಚಿಕ್ಕವಳಿದ್ದಾಗ ಅವರ ಪಕ್ಕ ಕೂತು ನೋಡುತ್ತಿದ್ದೆ, ಯಾರ ಕೈಯಲ್ಲೂ ಟೇಪು ಇರಲಿಲ್ಲ.

ನೂಲುಂಡೆ:
ನಾಲ್ಕು ದಿನದ ವರದಿ.

ಸ್ವೆಟರ್ ಆಯಿತು! ಬಾಲ ಹುಡುಕೋಕೇ ಅರ್ಧ ಗಂಟೆ ಹಿಡಿಯಿತು. ಈಗ ಎಳೆದರೆ 47 ಬರುತ್ತದೆ. ಪಕ್ಕದ ಮನೆ ಮಗು ಈ ಸಲ ನಗುತ್ತಾ ಹಾಕಿಸಿಕೊಂಡಿತು.

ಕೌದಿಯಲ್ಲಿ ಒಂದು ಪಕ್ಕದ ಸೆರಗು ಹೊಲಿದು ಅಳೆದೆ. 39 ಇದ್ದದ್ದು 38 ಆಗಿದೆ. ಹಳೇಸೀರೆ ಅವರೇ, ನೀವು ಹೇಳಿದ ಹಾಗೇ ಆಯಿತು. ಆದರೆ ಒಂದು ಪಕ್ಕಕ್ಕೆ ಮೂರು ರಾತ್ರಿ ಹಿಡಿಯಿತು. ಇನ್ನೂ ಮೂರು ಪಕ್ಕ ಇದೆ.

ಪಟ್ಟಿಗೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಅರ್ಧ ಮೀಟರ್ ಕಡು ನೀಲಿ ಕಾಟನ್ ತಂದೆ. ಕೆಂಪು ಸೆರಗು ಬಣ್ಣ ಬಿಡುತ್ತದಾ ಅಂತಲೂ ಭಯ.

ಹಳೇಸೀರೆ:
ಒದ್ದೆ ಬಿಳಿ ಕರವಸ್ತ್ರವನ್ನು ಸೆರಗಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ನೀಲಿಯ ಮೇಲೂ ಹಾಗೇ ಮಾಡಿ. ನನಗೆ ಭಯ ಇರುವುದು ನೀಲಿಯದ್ದೇ. ಹಳೇ ಸೀರೆ ಎಷ್ಟೋ ನೀರು ಕಂಡಿದೆ, ಹೊಸ ಬಟ್ಟೆ ಒಂದೂ ಕಂಡಿಲ್ಲ.

ಮೂರು ಪಕ್ಕಕ್ಕೆ ಮೂರು ಜನ ಸಾಕಲ್ವಾ? ಭಾನುವಾರ ನಿಮ್ಮ ಮನೆಗೆ ಬರಲಾ? ಹನುಮಂತನಗರದಿಂದ ನಡೆದೇ ಬರಬಹುದು.

ಕಡ್ಡಿ ನಂಬರ್ ಎಂಟು:
ನಾನೂ ಬರುತ್ತೇನೆ. ನನ್ನ ಹೊಲಿಗೆ ಉದ್ದ ಉದ್ದ ಬೀಳುತ್ತದೆ, ನಿಮಗೆ ಪರವಾಗಿಲ್ಲ ಅಂದರೆ.

ಹಳಿಯಾಳದ ಹುಡುಗಿ:
ಮೂರನೆಯವಳು ನಾನು.

ನೂಲುಂಡೆ:
ದಯವಿಟ್ಟು ಎಲ್ಲರೂ ಬನ್ನಿ. ಹೊಲಿಗೆ ಉದ್ದ ಇದ್ದರೆ ಏನೂ ಆಗಲ್ಲ. ಯಾವ ಪಕ್ಕ ಯಾರದ್ದು ಅಂತ ನೋಡಿದ ಕೂಡಲೇ ಗೊತ್ತಾಗಲಿ ಅಂತಲೇ ನನ್ನಾಸೆ.

ಕರವಸ್ತ್ರದ ಪರೀಕ್ಷೆ ಮಾಡಿದೆ. ಕೆಂಪು ಬಿಡಲಿಲ್ಲ. ನೀಲಿ ಬಿಟ್ಟಿತು. ಕತ್ತರಿಸುವ ಮೊದಲೇ ನೋಡಿದ್ದು ಪುಣ್ಯ. ಐದು ನೀರು ಆದ ಮೇಲೆ ಬಕೆಟ್ ತಿಳಿಯಾಯಿತು. ಈ ಮಳೆಯಲ್ಲಿ ಒಣಗೋಕೆ ಎರಡು ದಿನ. ಉದ್ದದಲ್ಲಿ ಒಂದು ಬೆರಳಷ್ಟು ಕುಗ್ಗಿದೆ ಕೂಡ.

ಕಡ್ಡಿ ನಂಬರ್ ಎಂಟು:
ಕೊಡುವ ಮುಂಚೆ ಎರಡು ವಿಷಯ, ಮರೆಯಬೇಡಿ. ಸ್ವೆಟರನ್ನು ಒಳಗು ಹೊರಗು ಮಾಡಿ, ತೋಳೊಳಗೆ ಕೈ ತೂರಿಸಿ ನೋಡಿ. ಸಡಿಲ ಎಳೆ ಇದ್ದರೆ ಮಗುವಿನ ಬೆರಳಿಗೆ ಸುತ್ತಿಕೊಳ್ಳುತ್ತದೆ, ಅದು ಅಪಾಯ. ಕೌದಿಯನ್ನು ಸದ್ಯಕ್ಕೆ ನೆಲಕ್ಕೆ ಹಾಸಿ, ಮಗು ಎಚ್ಚರ ಇದ್ದಾಗ ಅದರ ಮೇಲೆ ಆಡಲಿ ಅಂತ ಹೇಳಿ. ವರ್ಷ ತುಂಬುವ ತನಕ ಮಲಗಿದ ಮಗುವಿನ ಮೇಲೆ ಹೊದಿಸಬಾರದು, ಮುಖಕ್ಕೆ ಬಂದುಬಿಡುತ್ತದೆ.

ನೂಲುಂಡೆ:
ನಿನ್ನೆ ನಾಮಕರಣ ಮುಗಿಯಿತು. ಭಾನುವಾರ ಬಂದ ಮೂವರಿಗೂ ಇದನ್ನು ಬರೆಯಲೇಬೇಕು.

ಕೌದಿ ಹಾಸಿದಾಗ ನಾಲ್ಕೂ ಮೂಲೆ ನೆಲಕ್ಕೆ ಕೂತವು. ಗೆಳತಿಯ ಅಮ್ಮ ಪಕ್ಕದಲ್ಲಿ ಮಂಡಿಯೂರಿ ಕೂತು ಅಂಚಿನ ಮೇಲೆ ಹೆಬ್ಬೆರಳು ಸವರುತ್ತಾ ಬಂದರು. ನಡುವಿನ ಹಸಿರು ತುಂಡಿನ ಹತ್ತಿರ ಕೈ ನಿಂತಿತು. ಅಲ್ಲಿ ಹಳೇ ರಫೂ ಇದೆ, ಕಾಳುಮೆಣಸಿನಷ್ಟು ಜಾಗದಲ್ಲಿ ಒತ್ತೊತ್ತಾಗಿ ಹಾಕಿದ ಹೊಲಿಗೆ. ಕತ್ತರಿಸುವಾಗ ಅದನ್ನು ಬಿಡೋಣವಾ ಅಂತ ಯೋಚಿಸಿ ಕೊನೆಗೆ ಇಟ್ಟುಕೊಂಡಿದ್ದೆ. "ಇದು ನಾ ಹಾಕಿದ್ದು. ಇಕಿ ಹೊಟ್ಟಿಯೊಳಗಿದ್ದಾಗ ಮೊಳಿಗೆ ಸಿಕ್ಕಿ ಹರಿದಿತ್ತು" ಅಂದರು. ಗೆಳತಿಗೆ ಅದು ಗೊತ್ತೇ ಇರಲಿಲ್ಲ. ಮಗುವನ್ನು ಸರಿಯಾಗಿ ಆ ತುಂಡಿನ ಮೇಲೆ ಮಲಗಿಸಿದಳು.

ಆಮೇಲೆ ಅವರು ನಾಲ್ಕೂ ಪಕ್ಕ ನೋಡಿ, "ಇದು ಒಬ್ಬರ ಕೈ ಅಲ್ಲ" ಅಂದರು. ನಿಮ್ಮ ಮೂವರ ವಿಷಯ ಹೇಳಿದೆ. ಉದ್ದ ಹೊಲಿಗೆಯ ಪಕ್ಕ ಅವರಿಗೆ ಬಹಳ ಇಷ್ಟವಾಯಿತು, ಕಡ್ಡಿ ನಂಬರ್ ಎಂಟು ಅವರೇ.

ಗಂಟಿನಲ್ಲಿ ಇನ್ನೂ ಎರಡು ಸೀರೆ ಉಳಿದಿವೆ. ಈ ಸಲ ಅಂಚಿನಿಂದ ಶುರು ಮಾಡಬೇಕು ಅಂತಿದ್ದೇನೆ. ಹಳಿಯಾಳದ ಹುಡುಗಿ, ಮೊದಲ ಮೂಲೆ ಮಡಚೋಕೆ ನೀನೇ ಬರಬೇಕಮ್ಮ. ನೀಲಿ ಪಟ್ಟಿಯೂ ಸುಮಾರು ಎರಡಡಿ ಮಿಕ್ಕಿದೆ, ಫೂಲಕ್ಕೆ ಆಗುತ್ತದಾ ನೋಡಿ ಹೇಳು.